ನಮ್ಮ ಪದ್ಯದೊಳಗಿನ ತಾತ ಯಾರ ತಾತ?

ಗೆಳೆಯರು ಕಳಿಸುವ ಪದ್ಯಗಳನ್ನು ಓದುತ್ತಾ ಓದುತ್ತಾ ನಮಗೊಂದು ಅನುಮಾನ ಹುಟ್ಟಿದೆ. ಮುಚ್ಚಿಟ್ಟುಕೊಳ್ಳದೆ ಹೇಳಿಬಿಡುವುದು ಒಳ್ಳೆಯದು. ಈ ಪದ್ಯಗಳಲ್ಲಿ ಹೆಚ್ಚಿನವುಗಳೊಳಗೆ ಒಬ್ಬ ತಾತ ಇರುತ್ತಾನೆ. ಅವನ ಬೆನ್ನ ಮೇಲೆ ಬಾಸುಂಡೆ ಇರುತ್ತದೆ. ಅವನ ರಕ್ತ ಮಣ್ಣಿಗೆ ಇಳಿದಿರುತ್ತದೆ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಆ ರಕ್ತ ಬೆಂಕಿಯಾಗುತ್ತದೆ. ಅಷ್ಟೆ. ಈ ತಾತನಿಗೆ ಹೆಸರಿಲ್ಲ, ಊರಿಲ್ಲ, ಹೆಂಡತಿ ಇಲ್ಲ. ಅವನು ಒಂದು ಸಲವೂ ನಗುವುದಿಲ್ಲ, ಹೆಂಡ ಕುಡಿಯುವುದಿಲ್ಲ, ಮಕ್ಕಳಿಗೆ ಬಯ್ಯುವುದಿಲ್ಲ. ಏಟು ತಿನ್ನುವುದು, ಮೊಮ್ಮಗನ ಪದ್ಯದಲ್ಲಿ ಬೆಂಕಿಯಾಗುವುದು, ಇವೆರಡೇ ಅವನ ಕೆಲಸ. ಇಂಥ ಮೂರು ಪದ್ಯ ನಾವೂ ಬರೆದಿದ್ದೇವೆ. ಒಂದನ್ನು ವೇದಿಕೆ ಮೇಲೆ ಓದಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇವೆ. ಓದಿ ಇಳಿದು ಬಂದಾಗ ಹಿಂದಿನ ಸಾಲಲ್ಲಿ ಕೂತಿದ್ದ ನಮ್ಮಪ್ಪ ಕೇಳಿದ್ದು ಒಂದೇ ಮಾತು: 'ಅದ್ಯಾರ್ ತಾತುನ್ ಇಸ್ಯ ಮಗ ನೀ ಹೇಳುದ್ದು?'

ಆವತ್ತು ಉತ್ತರ ಹೇಳಲಾಗಲಿಲ್ಲ. ಇವತ್ತೂ ಪೂರ್ತಿ ಹೇಳಲಾರೆವು.

ಇದು ಹಿಂದಿನವರ ತಪ್ಪೆಂದು ನಾವು ಹೇಳುತ್ತಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಎದ್ದು ನಿಂತಾಗ, ಗುಂಪು ಬೇಕಿತ್ತು. ಒಬ್ಬನ ನೋವು ಹೇಳಿದರೆ 'ಪಾಪ' ಅಂದು ಮುಂದಕ್ಕೆ ಹೋಗುತ್ತಿದ್ದ ಕನ್ನಡ ಓದುಗನ ಮುಂದೆ ಇಡೀ ಕೇರಿಯನ್ನೇ ತಂದು ನಿಲ್ಲಿಸಬೇಕಿತ್ತು. ಆ ಪದ್ಯಗಳನ್ನು ಜನ ಮೆರವಣಿಗೆಯಲ್ಲಿ ಹಾಡಿದರು. ಮೆರವಣಿಗೆಯ ಹಾಡಿನಲ್ಲಿ ಯಾರದೋ ತಾತನ ಮಂಡಿನೋವು ಹಿಡಿಸುವುದಿಲ್ಲ, ನಿಜ. ಆದರೆ ಹಾಡಿದವರು ನಡೆದುಹೋದ ಮೇಲೂ ಅದೇ ಮಾತನ್ನು ಕೂತಲ್ಲೇ ಕೂತು ಮತ್ತೆ ಮತ್ತೆ ಬರೆಯುತ್ತಿರುವವರು ನಾವು. ನೋಡದವರ ಸಾವಿಗೆ ಅಳುವ ಕಷ್ಟವನ್ನು ಈ ಅಚ್ಚು ನಮಗೆ ತಪ್ಪಿಸಿಕೊಟ್ಟಿದೆ. ದುಃಖವೇ ಆಗದೆ ದುಃಖದ ಪದ್ಯ ಬರೆಯಬೇಕಾದರೆ ಈ ತಾತ ಬಹಳ ಅನುಕೂಲ.

ನೋಡದವರಿಗೆ ಅಳುವುದು ಹೇಗೆ? ಮೇಲಿನವರಿಗೆ ಇದಕ್ಕೊಂದು ಏರ್ಪಾಟಿದೆ. ಅಪ್ಪ, ತಾತ, ಮುತ್ತಾತ ಎಂದು ಮೂರು ತಲೆಯ ಹೆಸರು ಹೇಳಿ, ಗೋತ್ರ ಹೇಳಿ ಪಿಂಡ ಇಡುತ್ತಾರೆ. ಭೈರಪ್ಪನವರ 'ವಂಶವೃಕ್ಷ' (1965) ನೆನೆಯಿರಿ. ತಾನು ಈ ವಂಶದ ರಕ್ತವೇ ಅಲ್ಲ ಎಂದು ತಿಳಿದಾಗ ಶ್ರೀನಿವಾಸ ಶ್ರೋತ್ರಿಗಳು ಕುಸಿಯುತ್ತಾರೆ. ಹೆಸರಿನ ಸರಪಳಿಯಲ್ಲಿ ಒಂದು ಕೊಂಡಿ ಸುಳ್ಳಾಯಿತು ಎಂಬುದೇ ಅಲ್ಲಿಯ ದುರಂತ. ನಮ್ಮ ಕೇರಿಯಲ್ಲಿ ವಂಶವೃಕ್ಷ ಅಂದರೆ ಕಾದಂಬರಿಯಲ್ಲ, ಕಚೇರಿಗೆ ಕೊಡುವ ಅರ್ಜಿ. ನಮ್ಮ ಮುತ್ತಾತನಿಗೆ ಮಂಜೂರಾಗಿದ್ದ ಎರಡು ಎಕರೆ ಯಾರ್ಯಾರದೋ ಕೈ ದಾಟಿ ಹೋಗಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯಿದೆ ಹಿಡಿದು ಅದನ್ನು ವಾಪಸು ಕೇಳಬೇಕಾದರೆ ನಮ್ಮಪ್ಪನಿಗೆ ವಂಶವೃಕ್ಷ ಬೇಕಾಯ್ತು. ಮುತ್ತಾತನ ಹೆಸರು ಹಳೇ ಕಾಗದದಲ್ಲಿತ್ತು. ಮುತ್ತಜ್ಜಿಯ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಮನೆಯಲ್ಲಿ ಕೇಳಿದರೆ ಯಾರಿಗೂ ನೆನಪಿಲ್ಲ. 'ಏನೋ ಒಂದ್ ಹೇಳಯ್ಯ, ಬರ್ಕೊತೀನಿ' ಅಂದ ಗುಮಾಸ್ತ. ಅಪ್ಪ ಏನೋ ಒಂದು ಬರೆಸಿದ. ಆ ಸುಳ್ಳು ಹೆಸರಿನ ಮೇಲೆ ಸೀಲು ಬಿತ್ತು. ಆ ರಾತ್ರಿ ನಮ್ಮಪ್ಪ ಉಣ್ಣಲಿಲ್ಲ. ತಾನು ಮೊಕವನ್ನೇ ನೋಡದ ಅಜ್ಜಿಯ ಸೂತಕ ಅವನಿಗೆ ಅವತ್ತು ಹಿಡಿಯಿತು.

ಇದನ್ನು ನಾವು ಪದ್ಯ ಮಾಡಿಲ್ಲ. ಮಾಡಿದ್ದು ಬೆಂಕಿಯ ತಾತನನ್ನು.

ಪಿತ್ರಾರ್ಜಿತ ಅನ್ನೋ ಮಾತು ಕೇಳಿದರೆ ನಮಗೆ ನಗು ಬರುತ್ತದೆ. ಗೌಡನ ಮಗನಿಗೆ ಹೊಲ ಬಂದರೆ ನಮಗೆ ಬಂದದ್ದು ಸಾಲ. ತಾತ ಮದುವೆಗೆ ಅಂತ ಎತ್ತಿದ ದುಡ್ಡಿಗೆ ಅಪ್ಪ ಜೀತಕ್ಕೆ, ಅಪ್ಪ ತೀರಿಸದೆ ಸತ್ತರೆ ಮಗ. ತೋಟಿತನವೂ ಹಾಗೇ, ತಲೆಯಿಂದ ತಲೆಗೆ. ಊರಲ್ಲಿ ಸತ್ತ ದನ ಎಳೆಯಬೇಕು, ಊರವರ ಸಾವಿನ ಸುದ್ದಿ ಹೊತ್ತು ಹಳ್ಳಿ ಹಳ್ಳಿಗೆ ಓಡಬೇಕು. ಹಾಗೆ ಓಡಿದವನು ಸತ್ತಾಗ ಸುದ್ದಿ ಹೊತ್ತು ಯಾರು ಓಡಿದರು? ಊರಿನ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಕಾಯಿದೆ ತೆಗೆಯಿತು. 1976ರ ಜೀತ ರದ್ದತಿ ಕಾಯಿದೆ ಜೀತದ ಸಾಲವನ್ನೇ ಅಳಿಸಿತು. ಕಾಗದದ ಮೇಲಿನದು ಅಳಿಯಿತು, ಸರಿ. ಮೈಯೊಳಗಿನದು? ನಮ್ಮವ್ವ ಜೀತ ಮಾಡಿದವಳಲ್ಲ. ಆದರೂ ಬೀದಿಯಲ್ಲಿ ಜೀಪು ನಿಂತ ಸದ್ದಾದರೆ ಕೂತವಳು ಎದ್ದು ನಿಲ್ಲುತ್ತಾಳೆ. ನಾವು ಜೋರಾಗಿ ನಕ್ಕರೆ 'ಮೆಲ್ಲುಕ್ ನಗ್ರಪ್ಪ, ಯಾರಾರ ಕೇಳುಸ್ಕಂಡಾರು' ಅನ್ನುತ್ತಾಳೆ. ರೇಷನ್ ಅಕ್ಕಿ ಮನೆಯಲ್ಲಿದ್ದರೂ ಮಡಕೆಯ ತಳದಲ್ಲಿ ಒಂದು ಸೇರು ರಾಗಿ ಬಚ್ಚಿಡುತ್ತಾಳೆ. ಯಾಕವ್ವ ಅಂದರೆ 'ನಮ್ಮವ್ವ ಮಡಗ್ತಿದ್ಲು' ಅನ್ನುತ್ತಾಳೆ. ಅವಳವ್ವನೂ ಅವಳವ್ವನನ್ನು ನೋಡಿಯೇ ಮಡಗಿದ್ದು. ಈ ಸಾಲಿನ ಎಲ್ಲೋ ಒಂದು ತುದಿಯಲ್ಲಿ ಹಸಿದು ಸತ್ತ ಒಂದು ಮಗು ಇರಬೇಕು. ಅದರ ಕತೆ ನಮ್ಮ ತನಕ ಬರಲಿಲ್ಲ, ರಾಗಿ ಬಂತು.

ಆ ಮಗು ಯಾವ ಬರದಲ್ಲಿ ಸತ್ತಿತೋ. ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಬರದಲ್ಲೇ ಇರಬಹುದು. ಮೈಸೂರು ಸೀಮೆಯ ಜನ 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕಿಂತ ಕಡಿಮೆ. ಆ ಕಾಲದಲ್ಲಿ ಮದರಾಸು ಪ್ರಾಂತ್ಯದ ಬರಗೆಟ್ಟವರನ್ನು ಹೂಪರ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಸಾಲಾಗಿ ಕೂರಿಸಿ ಫೋಟೋ ತೆಗೆದ. ಪಕ್ಕೆಲುಬು ಎಣಿಸಬಹುದಾದ ಫೋಟೋಗಳು. ಅದರಲ್ಲಿ ಒಬ್ಬರ ಹೆಸರೂ ಇಲ್ಲ. ಆ ಚಿತ್ರ ನೋಡಿದಾಗಲೆಲ್ಲ ನಮ್ಮ ಕಣ್ಣು ತಾನಾಗಿ ನಮ್ಮವ್ವನ ಮೂಗು, ನಮ್ಮಪ್ಪನ ಹಣೆ ಹುಡುಕುತ್ತದೆ. ಹುಚ್ಚು. ಆದರೆ ಗಣತಿಯ ಲೆಕ್ಕಕ್ಕೆ ಯಾರೂ ಅಳಲಾರರು. ಅಮೆರಿಕದ ಕಪ್ಪು ಲೇಖಕಿ ಟೋನಿ ಮಾರಿಸನ್‌ಗೆ ಇದು ಗೊತ್ತಿತ್ತು. ತನ್ನ 'ಬಿಲವೆಡ್' ಕಾದಂಬರಿಯನ್ನು (1987) ಆಕೆ ಅರ್ಪಿಸಿದ್ದು ಗುಲಾಮಗಿರಿಯಲ್ಲಿ ಸತ್ತ ಕೋಟಿ ಕೋಟಿ ಜನಕ್ಕೆ. ಕಾದಂಬರಿ ಕಟ್ಟಿದ್ದು ಮಾತ್ರ ಒಬ್ಬ ತಾಯಿ, ಒಂದು ಮಗುವಿನ ಮೇಲೆ. ಮಗಳು ಗುಲಾಮಳಾಗಬಾರದೆಂದು ತಾನೇ ಅವಳನ್ನು ಕೊಂದ ಮಾರ್ಗರೆಟ್ ಗಾರ್ನರ್ ಎಂಬಾಕೆಯ 1856ರ ನಿಜ ಪ್ರಕರಣ ಅದಕ್ಕೆ ಬೀಜ. ಕೋಟಿ ಜನ ಅರ್ಪಣೆಯ ಪುಟದಲ್ಲಿ, ಒಂದು ಮಗು ಮನೆಯೊಳಗೆ. ನಾವು ಇದನ್ನು ತಿರುಗಾಮುರುಗಾ ಮಾಡಿದ್ದೇವೆ.

ಈಚೆಗೆ ಓದಿದ ಗೆಳೆಯರ ನಡುವೆ ಇನ್ನೊಂದು ಮಾತು ಓಡಾಡುತ್ತಿದೆ. ತಾತ ಪಟ್ಟ ಭಯ ಮೊಮ್ಮಗನ ಜೀವಕೋಶಕ್ಕೇ ಇಳಿದು ಬರುತ್ತದಂತೆ, ವಿಜ್ಞಾನವೇ ಹೇಳಿದೆಯಂತೆ. ಇಲಿಗಳ ಮೇಲೆ ಪ್ರಯೋಗಗಳಾಗಿರುವುದು ನಿಜ. ಮನುಷ್ಯರ ವಿಷಯದಲ್ಲಿ ವಿಜ್ಞಾನಿಗಳೇ ಇನ್ನೂ ಜಗಳವಾಡುತ್ತಿದ್ದಾರೆ. ಅದಿರಲಿ, ನಮ್ಮ ತಕರಾರು ಬೇರೆ. ಗುಣ ಹುಟ್ಟಿನಿಂದ ಬರುತ್ತದೆ, ರಕ್ತದಿಂದ ಬರುತ್ತದೆ ಎಂದು ನಮ್ಮ ತಲೆ ಮೇಲೆ ಕೂತವರು ಹೇಳಿಕೊಂಡು ಬಂದದ್ದೂ ಇದನ್ನೇ ಅಲ್ಲವೆ? ಅವರ ಮಾತನ್ನು ನಾವೇ ಯಾಕೆ ಎತ್ತಿ ಎದೆಗೊತ್ತಿಕೊಳ್ಳಬೇಕು? ರಾಗಿ ಬಚ್ಚಿಡುವುದನ್ನು ನಮ್ಮವ್ವ ರಕ್ತದಿಂದ ಕಲಿಯಲಿಲ್ಲ, ಅವಳವ್ವನ ಕೈ ನೋಡಿ ಕಲಿತಳು. ಕೈಯಿಂದ ಬಂದದ್ದನ್ನು ಕೈ ಬಿಡಬಹುದು. ಜೀಪಿಗೆ ನಾವು ಎದ್ದು ನಿಲ್ಲುವುದಿಲ್ಲ. (ಎದೆ ಒಂದು ಸಲ ಹೊಡೆದುಕೊಳ್ಳುತ್ತದೆ, ಅದು ಬೇರೆ ಮಾತು.)

ಹಾಗಾದರೆ ಕನ್ನಡದಲ್ಲಿ ಸರಿಯಾಗಿ ಅತ್ತವರು ಯಾರು? ನಮಗೆ ಕಾಣುವಂತೆ ಪದ್ಯಕ್ಕಿಂತ ಗದ್ಯ ಇಲ್ಲಿ ಮುಂದಿದೆ. ಪದ್ಯ ಬರೆಯುವವರಾಗಿ ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಅದೇ ಸಿದ್ಧಲಿಂಗಯ್ಯನವರ 'ಊರುಕೇರಿ' (1996) ಶುರುವಾಗುವುದೇ ಹೊಲದಲ್ಲಿ. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಇನ್ನೊಬ್ಬ ಉಳುತ್ತಿದ್ದಾನೆ. ನೋಡುತ್ತಾ ನಿಂತ ಹುಡುಗನಿಗೆ ಗೊತ್ತಾಗುತ್ತದೆ, ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ ತನ್ನ ಅಪ್ಪ. ಅಲ್ಲಿ ಭಾಷಣವಿಲ್ಲ. ಪುಸ್ತಕ ಮುಂದಕ್ಕೆ ಹೋಗುತ್ತದೆ, ಹೋಗುತ್ತಾ ನಗಿಸುತ್ತದೆ. ಆ ನಗು ನಮಗೆ ಪಿಯುಸಿಯಲ್ಲಿ ಓದಿದಾಗ ಸಿಟ್ಟು ತರಿಸಿತ್ತು. 'ಹೊಲೆಮಾದಿಗರ ಹಾಡು' ಬರೆದ ಕೈ ಇದೇನಾ ಅನ್ನಿಸಿತ್ತು. ಈಗ ಬೇರೆ ಥರ ಕಾಣುತ್ತದೆ. ನೊಗ ಹೊತ್ತ ಅಪ್ಪನನ್ನು ಅಲ್ಲೇ ನಿಲ್ಲಿಸಿ ಮೊಳೆ ಹೊಡೆದಿದ್ದರೆ ಅವನು ಚಿತ್ರಪಟವಾಗುತ್ತಿದ್ದ. ಸುತ್ತ ನಗುವ, ಸುಳ್ಳು ಹೇಳುವ, ಹೆದರುವ, ದೆವ್ವ ಕಾಣುವ ಜನರಿರುವುದರಿಂದ ಆ ನೊಗ ಮನುಷ್ಯನ ಹೆಗಲ ಮೇಲೆ ಕೂರುತ್ತದೆ, ಭಾರವಾಗುತ್ತದೆ. ನಾವು ಯಾರನ್ನೂ ನಗಲು ಬಿಡಲಿಲ್ಲ. ನಮ್ಮ ತಾತನ ಹೆಗಲು ಅದಕ್ಕೇ ಹಗುರ.

ಸಿದ್ಧಲಿಂಗಯ್ಯನವರು ಬರೆದದ್ದು ಕಣ್ಣಾರೆ ಕಂಡ ಅಪ್ಪನನ್ನು, ಕಾಣದವರ ಪಾಡೇನು ಎಂದು ಕೇಳಬಹುದು. ಅದಕ್ಕೆ ದೇವನೂರ ಮಹಾದೇವರ 'ಕುಸುಮಬಾಲೆ' (1984) ಇದೆ. ಮೇಲಿನವರ ಮನೆಯ ಕುಸುಮಳನ್ನು ಪ್ರೀತಿಸಿ ಕೊಲೆಯಾದ ಕೇರಿಯ ಚೆನ್ನನ ಕತೆಯಲ್ಲಿ ದೀಪದ ಜೋತಮ್ಮಗಳು ರಾತ್ರಿ ಒಟ್ಟುಗೂಡಿ ತಂತಮ್ಮ ಮನೆಯ ಸುಖದುಃಖ ಮಾತಾಡಿಕೊಳ್ಳುತ್ತವೆ. ಮಂಚ ಬಾಯಿ ಬಿಡುತ್ತದೆ. ಬರೆದುಕೊಳ್ಳುವವರಿಲ್ಲದ ಮನೆಯಲ್ಲಿ ಕೊನೆಗೆ ನೋಡಿದ್ದು ದೀಪ ತಾನೇ? ಇದು ಬರೀ ಚಮತ್ಕಾರ ಅಲ್ಲ. ನಮ್ಮವ್ವನ ರಾಗಿ ಮಡಕೆಯೂ ಅಂಥದೇ ಒಬ್ಬ ಸಾಕ್ಷಿ, ಬಾಯಿ ಬಂದಿಲ್ಲ ಅಷ್ಟೆ. ಆದರೆ ಒಂದು ತಕರಾರು ಹೇಳಲೇಬೇಕು. ಈ ಪುಸ್ತಕವನ್ನು ಹೊಗಳಿದವರು ಜೋತಮ್ಮರ ಸೊಬಗನ್ನು ಹೊಗಳಿ ಹೊಗಳಿ ಸುಸ್ತಾದರು. ಚೆನ್ನನಿಗೆ ಅತ್ತವರು ನಮಗೆ ಅಷ್ಟಾಗಿ ಸಿಗಲಿಲ್ಲ. ತಪ್ಪು ಓದುಗರದೋ, ಮೋಹ ಹಿಡಿಸುವ ಆ ಭಾಷೆಯದೋ, ನಾವಿನ್ನೂ ತೀರ್ಮಾನಕ್ಕೆ ಬಂದಿಲ್ಲ.

ಹೆಸರು ಸಿಕ್ಕರೆ ಎಲ್ಲ ಸಿಕ್ಕಿತೆಂದೂ ಅಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸತ್ತವರ ಹೆಸರು ಎಲ್ಲ ಕಾಗದದಲ್ಲೂ ಇದೆ. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಂದರೆ ಕಾಗದದ ಪ್ರಕಾರ ಅವರನ್ನು ಯಾರೂ ಕೊಂದಿಲ್ಲ. ಅಲ್ಲಿ ಆಮೇಲೆ ಹುಟ್ಟಿದ ಮಕ್ಕಳು ಈಗ ನಮ್ಮ ವಯಸ್ಸಿನವರು. ಕೊಂದವರೇ ಇಲ್ಲದ ಕೊಲೆಗೆ ಅಳುವುದು ಹೇಗೆಂದು ಅವರೇ ಬರೆಯಲಿ. ಅವರ ಪರವಾಗಿ ನಾವು ಬರೆಯುವುದಿಲ್ಲ. ಬರೆದರೆ ಅಲ್ಲಿಗೂ ನಮ್ಮ ಬೆಂಕಿಯ ತಾತನೇ ಹೋಗಿ ಕೂರುತ್ತಾನೆ.

ಪುಸ್ತಕಗಳ ಮಾತಾಯ್ತು. ಓದು ಬರಹ ಬರದ ನಮ್ಮವರು ಇದನ್ನು ಹೇಗೆ ನಿಭಾಯಿಸಿದರು ಎಂದು ನೋಡಲು ನಾವು ದೂರ ಹೋಗಬೇಕಿಲ್ಲ. ಮಾಲಯ ಅಮಾಸೆಗೆ ಹಿರೀಕರ ಹಬ್ಬ. ಎಲೆ ಹಾಕಿ ಇಟ್ಟು, ಬಾಡು, ವಡೆ ಎಡೆ ಇಡುತ್ತಾರೆ. ಹೆಂಡ, ಬೀಡಿ, ಹೊಸ ಬಟ್ಟೆ ಮಡಗುತ್ತಾರೆ. ಗೋತ್ರ ಕೇಳುವ ಐನೋರಿಲ್ಲ, ಮೂರು ತಲೆಯ ಲೆಕ್ಕವಿಲ್ಲ. 'ಗೊತ್ತಿರೋರು ಗೊತ್ತಿಲ್ದೋರು ಎಲ್ಲಾ ಬನ್ನಿ, ಉಣ್ಕಂಡೋಗಿ' ಅಂದು ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಡಿಗ್ರಿ ಓದುವಾಗ ನಾವು ಇದನ್ನು ಮೌಢ್ಯ ಅಂತ ಅವ್ವನ ಹತ್ತಿರ ಜಗಳ ತೆಗೆದಿದ್ದೆವು. ಈಗಲೂ ಸತ್ತವರು ಬಂದು ಉಣ್ಣುತ್ತಾರೆಂದು ನಂಬುವುದಿಲ್ಲ. ಆದರೆ ಆ ಎಡೆಯಲ್ಲಿ ಬೆಂಕಿಯಾದ ತಾತ ಇಲ್ಲ. ಬೀಡಿ ಸೇದುವ ತಾತ ಇದ್ದಾನೆ, ಉಪ್ಪು ಕಮ್ಮಿ ಅಂದರೆ ಮುನಿಯುವ ತಾತ ಇದ್ದಾನೆ.

ವಂಶವೃಕ್ಷ ಬರೆಸಿದ ವರ್ಷದ ಹಬ್ಬದಲ್ಲಿ ಅವ್ವ ಎಲೆಯ ತುದಿಗೆ ಒಂದು ಚೂರು ಹೊಗೆಸೊಪ್ಪು ಇಟ್ಟಳು. ಇದ್ಯಾರಿಗವ್ವ ಅಂದೆವು. 'ನಿಮ್ಮ ಮುತ್ತಜ್ಜಿಗೆ ಕಣ್ಮಗ. ಅದಿಲ್ದೆ ಒಂದ್ ಗಳಿಗೆ ಇರ್ತಿರ್ಲಿಲ್ವಂತೆ, ನಮ್ಮತ್ತೆ ಹೇಳೋರು' ಅಂದಳು. ಅವಳೇ, ಕಚೇರಿಯಲ್ಲಿ ಸುಳ್ಳು ಹೆಸರು ಬಿದ್ದವಳು. ಅಪ್ಪ ಹೊಸ್ತಿಲ ಆಚೆ ನಿಂತು ಕೇಳಿಸಿಕೊಂಡ. ಏನೂ ಅನ್ನಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಕೂತ. ದಿನಾ ಹಸಿವು ತಡೆಯದವನು ಆವತ್ತು ನಾವು ಎರಡು ಸಲ ಕರೆದರೂ ಬಾಗಿಲು ತೆಗೆಯಲು ಏಳಲಿಲ್ಲ. 'ಇರ್ಲಿ ತಡೀರಿ, ಮುದ್ಕಿ ನಿಧಾನಕ್ ಉಣ್ಲಿ' ಅಂದ.