ಮಳೆಗೆ ಯಾವ ಪಕ್ಷ?

ಹೊಸ ಸೊಸೆ ಮನೆಗೆ ಬಂದ ವರ್ಷವೇ ಎಮ್ಮೆ ಸತ್ತರೆ, ‘ಇವಳ ಕಾಲ್ಗುಣ ಸರಿಯಿಲ್ಲ’ ಎನ್ನುವ ಅತ್ತೆಯರು ನಮ್ಮ ಊರುಗಳಲ್ಲಿದ್ದರು. ಈಗ ಅಂಥವರು ಕಡಿಮೆಯಾಗಿದ್ದಾರೆ. ಅವರು ಬಿಟ್ಟುಹೋದ ಜಾಗದಲ್ಲಿ ನಮ್ಮ ರಾಜಕಾರಣಿಗಳು ಬಂದು ಕೂತಿದ್ದಾರೆ. ಕೆರೆ ಕೋಡಿ ಬಿದ್ದರೆ ಅದು ತಮ್ಮ ನಾಯಕರ ಕಾಲ್ಗುಣ. ಕೆರೆಯಂಗಳ ಬಿರುಕು ಬಿಟ್ಟರೆ ಎದುರು ಪಕ್ಷದ ನಾಯಕರ ಕಾಲ್ಗುಣ. 2023ರಲ್ಲಿ ಸಿದ್ದರಾಮಯ್ಯನವರು ಎರಡನೇ ಬಾರಿ ಮುಖ್ಯಮಂತ್ರಿಯಾದ ವರ್ಷ ಮಳೆ ಕೈಕೊಟ್ಟಾಗ ಈ ಮಾತು ವೇದಿಕೆಗಳಲ್ಲಿ ಎಗ್ಗಿಲ್ಲದೆ ಓಡಾಡಿತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ಇಡೀ ದೇಶದಲ್ಲೇ ಅತಿ ಕಡಿಮೆ ಮಳೆಯಾದ ಆಗಸ್ಟ್ ಆಗಿತ್ತು. ಪೆಸಿಫಿಕ್ ಸಾಗರದ ನೀರು ಕಾದು ಎಲ್ ನಿನೋ ಹುಟ್ಟಿದ್ದೂ ಒಬ್ಬ ಮುಖ್ಯಮಂತ್ರಿಯ ಪಾದಸ್ಪರ್ಶದಿಂದಲೇ ಎಂದು ನಂಬಬೇಕೆ?

ಇದನ್ನು ನಗುವ ಮಾತೆಂದು ಬಿಟ್ಟುಬಿಡಬಹುದಿತ್ತು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಜನ ಇಂಥ ಮಾತಿಗೆ ಬೆಲೆ ತೆತ್ತಿದ್ದಾರೆ, ತೆರುತ್ತಲೇ ಇದ್ದಾರೆ. ತುಮಕೂರು ಜಿಲ್ಲೆಯ ಈ ಭಾಗ ಮಳೆಯನ್ನೇ ನಂಬಿದ ನೆಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ವರ್ಷದ ಹೆಚ್ಚು ಕಾಲ ಮರಳಿನ ಹಾದಿಯಷ್ಟೆ. ರಾಗಿ, ಕಡಲೆಕಾಯಿ, ಹುಣಸೆ, ಅದು ಬಿಟ್ಟರೆ ಕೊಳವೆಬಾವಿ. ಕೊಳವೆಬಾವಿ ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡ್ ಏರುತ್ತದೆ. ಪಾವಗಡದಲ್ಲಿ ಹಲ್ಲು ಕಪ್ಪಾದ ಮಕ್ಕಳನ್ನೂ, ಮೂಳೆ ಬಿಗಿದು ಬಾಗಿ ನಡೆಯುವ ಹಿರಿಯರನ್ನೂ ನಾವು ಎರಡು ತಲೆಮಾರಿನಿಂದ ನೋಡುತ್ತಿದ್ದೇವೆ.

2023ರ ಕಥೆಯನ್ನು ಕೊಂಚ ವಿವರವಾಗಿ ನೋಡೋಣ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನಮ್ಮ ನಾಲ್ಕೂ ಆ ಪಟ್ಟಿಯಲ್ಲಿದ್ದವು. ರಾಜ್ಯ ಸರ್ಕಾರ ಕೇಂದ್ರದಿಂದ 18,171 ಕೋಟಿ ರೂಪಾಯಿ ಪರಿಹಾರ ಕೇಳಿತು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದು ಒಣಗಿದ ಹೊಲ ನೋಡಿಕೊಂಡು ಹೋಯಿತು. ಅಲ್ಲಿಂದ ಮುಂದಿನದೆಲ್ಲ ಮಾತಿನ ಕಾಲ. ರಾಜ್ಯ ಮನವಿ ಕೊಟ್ಟಿದ್ದೇ ತಡವಾಗಿ ಎಂದು ಕೇಂದ್ರ ಗೃಹಸಚಿವರು ಚುನಾವಣಾ ಪ್ರಚಾರದಲ್ಲಿ ಹೇಳಿದರು. ಸೆಪ್ಟೆಂಬರಿನಲ್ಲೇ ಕೊಟ್ಟಿದ್ದೇವೆ, ತಂಡದ ವರದಿ ಬಂದ ಮೇಲೂ ತೀರ್ಮಾನದ ಸಭೆಯೇ ನಡೆದಿಲ್ಲ ಎಂದು ರಾಜ್ಯದ ಕಂದಾಯ ಸಚಿವರು ಹೇಳಿದರು. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಕೇಂದ್ರ, ರಾಜ್ಯಗಳ ನಡುವೆ ಹೀಗೆ ಜಿದ್ದು ಬೇಡವೆಂದು ನ್ಯಾಯಪೀಠ ಬುದ್ಧಿ ಹೇಳಬೇಕಾಯಿತು. ಕೊನೆಗೆ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಆ ಸುದ್ದಿ ಹೊರಬಿದ್ದದ್ದು ಏಪ್ರಿಲ್ 27ರಂದು. ನಮ್ಮ ನಾಲ್ಕು ತಾಲ್ಲೂಕುಗಳ ಜನ ಲೋಕಸಭೆಗೆ ಮತ ಹಾಕಿದ್ದು ಅದರ ಹಿಂದಿನ ದಿನ, ಏಪ್ರಿಲ್ 26ರಂದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಗ ಈ ನಾಲ್ಕು ಕ್ಷೇತ್ರಗಳ ಶಾಸಕರೆಲ್ಲರೂ ಕಾಂಗ್ರೆಸ್ಸಿನವರು. ಅವರಲ್ಲಿ ಇಬ್ಬರು ಮಂತ್ರಿಗಳು. ಮಧುಗಿರಿ, ಕೊರಟಗೆರೆ ಸೇರುವುದು ತುಮಕೂರು ಲೋಕಸಭಾ ಕ್ಷೇತ್ರಕ್ಕೆ, ಶಿರಾ, ಪಾವಗಡ ಸೇರುವುದು ಚಿತ್ರದುರ್ಗಕ್ಕೆ. ಆಗಿನ ಇಬ್ಬರು ಸಂಸದರೂ ಬಿಜೆಪಿಯವರು. ಅವರಲ್ಲೊಬ್ಬರು ಕೇಂದ್ರದ ರಾಜ್ಯ ಸಚಿವರು. ಎರಡೂ ಸರ್ಕಾರಗಳಲ್ಲಿ ನಮ್ಮವರು ಇದ್ದರು. ಬೆಂಗಳೂರಿಗೂ ದೆಹಲಿಗೂ ನಡುವಿನ ಸೇತುವೆಯಾಗಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವ ತಾಲ್ಲೂಕಿಗಿತ್ತು? ಆದರೆ ಶಾಸಕರೂ ಸಂಸದರೂ ಒಂದೇ ಮೇಜಿನ ಮುಂದೆ ಕುಳಿತು, ‘ಬನ್ನಿ, ಒಟ್ಟಿಗೆ ಹೋಗಿ ಕೇಳೋಣ’ ಎಂದ ಸುದ್ದಿಯನ್ನು ನಾವು ಓದಲಿಲ್ಲ.

ಇಷ್ಟೆಲ್ಲ ಕಾದಾಟ ಯಾವ ಮೊತ್ತಕ್ಕಾಗಿ? ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,440 ರೂಪಾಯಿ. ಇದರಲ್ಲಿ ಮೊದಲ ಕಂತೆಂದು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಗರಿಷ್ಠ 2,000 ರೂಪಾಯಿ ಕೊಟ್ಟಿತು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಟ್ಟು ನೋಡಿ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಒಣಭೂಮಿಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಅದಕ್ಕೆ ರೈತರಿಂದ ಭೂಮಿಯನ್ನು ಗುತ್ತಿಗೆಗೆ ಪಡೆದದ್ದು ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ. ಅಂದರೆ ವಿದ್ಯುತ್ತಿಗೆ ಬೇಕಾದಾಗ ಪಾವಗಡದ ಒಂದು ಎಕರೆಗೆ ಒಂದು ಬೆಲೆ; ಅದೇ ಎಕರೆಯಲ್ಲಿ ಕಡಲೆಕಾಯಿ ಸುಟ್ಟುಹೋದಾಗ ಅದರ ಆರನೇ ಒಂದು ಭಾಗ. ಜಮೀನೇ ಇಲ್ಲದ ಕೂಲಿಯವನಿಗೆ, ಕುರಿ ಮೇಯಿಸುವವನಿಗೆ ಈ ಎರಡು ಲೆಕ್ಕದಲ್ಲೂ ಜಾಗವಿಲ್ಲ. 8,500 ಎಂಬ ಆ ಅಂಕಿ ಸಾಕೇ ಎಂಬ ಪ್ರಶ್ನೆ ‘ನೀನು ತಡ ಮಾಡಿದೆ, ನೀನು ಕೊಡಲಿಲ್ಲ’ ಎಂಬ ಗದ್ದಲದಲ್ಲಿ ಮುಚ್ಚಿಹೋಯಿತು. ಜಗಳದಿಂದ ಎರಡೂ ಕಡೆಯವರಿಗೆ ಆದ ಲಾಭ ಇದೇ.

ಬರದಲ್ಲಿ ದೂರು ಬೆಳೆದಂತೆ ಉಪಚುನಾವಣೆಯಲ್ಲಿ ಭರವಸೆ ಬೆಳೆಯುತ್ತದೆ. ಶಿರಾ ತಾಲ್ಲೂಕಿನ ಮದಲೂರು ಕೆರೆಯ ಪ್ರಸಂಗ ಇದಕ್ಕೆ ಸಾಕ್ಷಿ. 2020ರ ಉಪಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಆರು ತಿಂಗಳಲ್ಲಿ ಈ ಕೆರೆ ತುಂಬಿಸುವುದಾಗಿ ಮಾತು ಕೊಟ್ಟರು. ಶಿರಾದಲ್ಲಿ ಬಿಜೆಪಿ ಮೊದಲ ಬಾರಿ ಗೆದ್ದಿತು. ಮರುವರ್ಷ ಅದೇ ಸರ್ಕಾರದ ಜಿಲ್ಲಾ ಉಸ್ತುವಾರಿ ಸಚಿವರು, ಮದಲೂರಿಗೆ ಹೇಮಾವತಿ ನೀರಿನ ಹಂಚಿಕೆಯೇ ಇಲ್ಲ ಎಂದರು. ಕಾಂಗ್ರೆಸ್ಸಿನವರು ಬೀದಿಗಿಳಿದರು. ಹಂಚಿಕೆ ಇದೆಯೋ ಇಲ್ಲವೋ ಎಂಬುದು ನೀರಾವರಿ ಇಲಾಖೆಯ ಒಂದು ಕಡತ ತೆರೆದರೆ ಗೊತ್ತಾಗುವ ಸಂಗತಿ. ಮತದಾರರ ಮುಂದೆ ಆ ಕಡತವನ್ನು ಯಾರೂ ತೆರೆಯಲಿಲ್ಲ. ಕೊಡುತ್ತೇವೆ ಎಂದವರೂ ತೆರೆಯಲಿಲ್ಲ, ಕೊಡಲಿಲ್ಲ ಎಂದವರೂ ತೆರೆಯಲಿಲ್ಲ.

ದೊಡ್ಡ ಯೋಜನೆಗಳದೂ ಇದೇ ಹಾಡು. ಶಿರಾ, ಪಾವಗಡಗಳಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಎಂದು ಘೋಷಣೆಯಾಯಿತು. ಆಗ ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿತ್ತು. ಆಮೇಲೆ ಆ ಹಣ ಬರಲಿಲ್ಲವೆಂಬುದು ಒಂದು ಪಕ್ಷದ ಭಾಷಣವಾಯಿತು. ಯಾಕೆ ಬರಲಿಲ್ಲವೆಂಬುದಕ್ಕೆ ಇನ್ನೊಂದು ಪಕ್ಷದ ಭಾಷಣ ಉತ್ತರವಾಯಿತು. 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ವೆಚ್ಚ 8,323 ಕೋಟಿಯಿಂದ 23,000 ಕೋಟಿ ದಾಟಿದೆ. ಈ ಹತ್ತು ವರ್ಷದಲ್ಲಿ ಮೂರೂ ಪಕ್ಷಗಳ ಮುಖ್ಯಮಂತ್ರಿಗಳು ಬಂದು ಹೋಗಿದ್ದಾರೆ. ಹಾಗಾಗಿ ವೆಚ್ಚ ಮೂರುಪಟ್ಟಿನ ಹತ್ತಿರಕ್ಕೆ ಏರಿದ್ದರ ಬಗ್ಗೆ ಯಾರೂ ಯಾರನ್ನೂ ಗಟ್ಟಿಯಾಗಿ ಕೇಳುವುದಿಲ್ಲ.

ನಾವು ಹೇಳಬೇಕೆಂದಿರುವ ಮಾತು ಇಲ್ಲಿದೆ. ಪಕ್ಷಗಳು ಜಗಳವಾಡುವ ಸಂಗತಿಗಳೆಲ್ಲ ದೂರದವು: ದೆಹಲಿಯ ಖಜಾನೆ, ಸಕಲೇಶಪುರದ ಹೊಳೆ, ಗೊರೂರಿನ ಅಣೆಕಟ್ಟು. ಊರಿನ ಕಾಲಬುಡದಲ್ಲಿರುವ ಸಂಗತಿಗಳ ಬಗ್ಗೆ ಅವರ ನಡುವೆ ಜಗಳವೇ ಇಲ್ಲ. ಜಯಮಂಗಲಿಯ ಒಡಲಿನಿಂದ ವರ್ಷಗಟ್ಟಲೆ ಮರಳು ಹೋಯಿತು. ನದಿಯ ಇಕ್ಕೆಲದ ಬಾವಿಗಳನ್ನು ಕಾಯುತ್ತಿದ್ದದ್ದು ಆ ಮರಳೇ. ಲಾರಿ ತುಂಬುವಾಗ ಪಕ್ಷಭೇದ ಇರಲಿಲ್ಲ. ಕೆರೆಗೆ ನೀರು ತರುವ ಹಳ್ಳಗಳು ಒತ್ತುವರಿಯಾದವು. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಕಾಡಾಗಿ ಬೆಳೆಯಿತು. ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿಯ ಕೆಲಸ ಮಾಯವಾಯಿತು. 2022ರಲ್ಲಿ ಇದೇ ನೆಲದಲ್ಲಿ ಮಳೆ ಹುಯ್ದು ಕೆರೆಗಳು ಕೋಡಿ ಬಿದ್ದು, ಜಯಮಂಗಲಿ ಉಕ್ಕಿ, ಹೊಲ ಮನೆಗಳಿಗೆ ನೀರು ನುಗ್ಗಿತ್ತು. ಮರುವರ್ಷವೇ ಬರ. ಬಂದ ನೀರನ್ನು ಹಿಡಿದಿಡಲಾಗದ್ದು ಯಾರ ಕಾಲ್ಗುಣ?

ಹಾಗಾದರೆ ದೂರುವುದನ್ನೇ ಬಿಡಬೇಕೆ? ‘ಇದು ಪ್ರಕೃತಿ ವಿಕೋಪ, ರಾಜಕೀಯ ಬೇಡ’ ಎಂದು ಅಧಿಕಾರದಲ್ಲಿರುವವರು ಪ್ರತಿ ಸಲವೂ ಹೇಳುತ್ತಾರೆ. ಅದನ್ನು ನಾವು ಒಪ್ಪುವುದಿಲ್ಲ. ಮಳೆ ಬಾರದಿರುವುದು ಪ್ರಕೃತಿ, ಹಸಿವು ಪ್ರಕೃತಿಯಲ್ಲ. 1876–78ರ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಜನ ಸಾಯುತ್ತಿದ್ದಾಗಲೂ ಭಾರತದ ಬಂದರುಗಳಲ್ಲಿ ಧಾನ್ಯ ಹಡಗೇರುತ್ತಿತ್ತು. ‘ಇದೆಲ್ಲ ಮಳೆಯ ತಪ್ಪು’ ಎಂದು ಕೈತೊಳೆದುಕೊಳ್ಳಲು ಅವರಿಗೂ ಸುಲಭವಾಗಿತ್ತು. ಆದರೆ ದಾದಾಭಾಯಿ ನವರೋಜಿಯವರಂಥವರು ಬಡತನದ ಲೆಕ್ಕ ಹಿಡಿದು ದೂರಿದರು. ಸರ್ಕಾರವೇ ಕ್ಷಾಮ ಆಯೋಗ ನೇಮಿಸಿ, 1880ರ ವರದಿಯ ಮೇಲೆ ಕ್ಷಾಮ ಸಂಹಿತೆ ಬರೆಯಬೇಕಾಯಿತು. ಸ್ವತಂತ್ರ ಪತ್ರಿಕೆ, ವಿರೋಧ ಪಕ್ಷ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಆಗುವುದಿಲ್ಲ ಎಂದು ಅಮರ್ತ್ಯ ಸೇನ್ ವಾದಿಸಿದ್ದೂ ಇದೇ ಅರ್ಥದಲ್ಲಿ. ದೂರುವ ಬಾಯಿ ಇದ್ದರೆ ಆಳುವವರಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ದೂರು ಬೇಕು. ಆದರೆ ಅದಕ್ಕೆ ತಾರೀಖು, ಮೊತ್ತ, ಕಡತದ ಹೆಸರು ಇರಬೇಕು. ‘ನಿನ್ನ ಕಾಲ್ಗುಣ’ ಎಂಬ ದೂರಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ‘ಈ ವರದಿ ನಿಮ್ಮ ಮೇಜಿನ ಮೇಲೆ ಎಷ್ಟು ದಿನ ಇತ್ತು’ ಎಂಬ ದೂರಿಗೆ ಉತ್ತರ ಕೊಡಲೇಬೇಕು.

ಜನರ ನಂಬಿಕೆಯ ಲೋಕದಲ್ಲಿ ಬರಕ್ಕೆ ಬೇರೆಯೇ ಮುಖವಿದೆ. ಮಳೆ ತಡವಾದಾಗ ಹಳ್ಳಿಯ ಹುಡುಗರು ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆ ಮನೆಗೆ ಹೋಗುತ್ತಾರೆ. ಯಾವ ಮನೆಯ ಬಾಗಿಲನ್ನೂ ಬಿಡುವುದಿಲ್ಲ. ಮುಸ್ಲಿಮರು ಬಯಲಿನಲ್ಲಿ ಸೇರಿ ಇಸ್ತಿಸ್ಕಾ ನಮಾಜು ಮಾಡುತ್ತಾರೆ. ಅಲ್ಲಿ ಮಳೆ ಕೇಳುವ ಮೊದಲು ತಮ್ಮ ಪಾಪಗಳಿಗೆ ಕ್ಷಮೆ ಕೇಳಬೇಕು. ಪಕ್ಕದವನ ಪಾಪಗಳ ಪಟ್ಟಿ ಓದಲು ಅಲ್ಲಿ ಅವಕಾಶವಿಲ್ಲ. ಈ ವಿನಯದಿಂದ ನಮ್ಮ ವೇದಿಕೆಗಳು ಕಲಿಯುವುದಿದೆ. ಆದರೆ ಇದಕ್ಕೂ ಒಂದು ಅಪಾಯವಿದೆ. ಬರವೆಲ್ಲ ತನ್ನದೇ ಪಾಪದ ಫಲವೆಂದು ರೈತ ತಲೆಬಾಗಿ ಕೂತರೆ ಸರ್ಕಾರಕ್ಕೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ನಮ್ಮ ‘ಕೆರೆಗೆ ಹಾರ’ ಜನಪದ ಕಥನದಲ್ಲಿ ಕೆರೆಗೆ ನೀರು ಬಾರದಾಗ ಬಲಿಗೆ ಆರಿಸಿದ್ದು ಯಾರನ್ನು? ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು. ಕೆರೆ ಕಟ್ಟಿಸಿದ ಗೌಡನನ್ನು ಯಾರೂ ಕೇಳಲಿಲ್ಲ. ನೀರು ಬಾರದಾಗ ಬೆಲೆ ತೆರುವವರು ಮಾತಾಡಲಾಗದವರೇ ಎಂಬುದನ್ನು ನಮ್ಮ ಹೆಂಗಸರು ಹಾಡುತ್ತಲೇ ಬಂದಿದ್ದಾರೆ. ಇಂದು ಆ ಜಾಗದಲ್ಲಿರುವುದು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಪಾವಗಡ, ಮಧುಗಿರಿಗಳ ಗಂಡಹೆಂಡತಿ.

ಮುಂದಿನ ಬರ ಬಂದೇ ಬರುತ್ತದೆ. ಆಗ ಎರಡೂ ಪಕ್ಷದವರು ಮೈಕು ಹಿಡಿದು ನಮ್ಮೂರಿಗೆ ಬರುತ್ತಾರೆ. ಅದಕ್ಕೆ ಮೊದಲೇ ಗ್ರಾಮಸಭೆಯಲ್ಲಿ ನಾವು ಕೇಳಿಡಬೇಕಾದ ಪ್ರಶ್ನೆಗಳು ಕೆಲವಿವೆ. ನಮ್ಮ ಕೆರೆಯ ಸರ್ವೆ ಎಂದು ಆಯಿತು, ಒತ್ತುವರಿ ಎಷ್ಟು? ಬೆಳೆ ಹಾನಿ ಪಟ್ಟಿಯಲ್ಲಿ ಯಾರ ಹೆಸರಿದೆ, ಗೇಣಿಗೆ ಉಳುವವನ ಹೆಸರು ಏಕಿಲ್ಲ? ಬೆಳೆ ವಿಮೆಯ ಕಟಾವು ಪ್ರಯೋಗ ಯಾವ ಹೊಲದಲ್ಲಿ, ಯಾರ ಎದುರಿನಲ್ಲಿ ನಡೆಯಿತು? ನಮ್ಮ ಕೆರೆಗೆ ಹಂಚಿಕೆಯಾದ ನೀರೆಷ್ಟು, ಆದೇಶದ ಪ್ರತಿ ಎಲ್ಲಿ? ಹೆಕ್ಟೇರಿಗೆ 8,500 ಸಾಲದು ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ, ಶಾಸಕರು ವಿಧಾನಸಭೆಯಲ್ಲಿ ಎಷ್ಟು ಸಲ ಕೇಳಿದ್ದಾರೆ? ಈ ಪ್ರಶ್ನೆಗಳನ್ನು ಕೇಳಲು ಯಾವ ಪಕ್ಷದ ಸದಸ್ಯತ್ವವೂ ಬೇಕಿಲ್ಲ. ಶಿರಾದ ಮಸೀದಿಯ ಮುಂದೆ ಕೂತವರೂ ಕೇಳಬಹುದು, ಮಧುಗಿರಿಯ ದಂಡಿನ ಮಾರಮ್ಮನ ಗುಡಿಯ ಮುಂದೆ ಕೂತವರೂ ಕೇಳಬಹುದು. ಒಟ್ಟಿಗೆ ಕೇಳಿದರೆ ಇನ್ನೂ ಒಳ್ಳೆಯದು.