ಬೇನೆಯವರ ಮಾತು: ಕೊಪ್ಪಳ ಸೀಮೆಯ ನುಡಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧

ಕ್ಯಾನ್ಸರ್ ರೋಗವನ್ನು ಕುರಿತಾಗಲಿ, ಅದರೊಡನೆ ಬರುವ ಮನಸ್ಸಿನ ಕಳವಳವನ್ನು ಕುರಿತಾಗಲಿ ನಮ್ಮ ಜನ ಬಾಯಿಬಿಟ್ಟು ಮಾತನಾಡುವುದಿಲ್ಲವೆಂಬುದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿರುವ ದೂರು. ಈ ಮೌನವನ್ನು ಸಾಮಾನ್ಯವಾಗಿ ಅಜ್ಞಾನದ ಲೆಕ್ಕಕ್ಕೆ ಹಾಕಿ, ತಿಳಿವಳಿಕೆ ಹೆಚ್ಚಿದಂತೆ ಅದು ತಾನಾಗಿಯೇ ಕರಗುವುದೆಂದು ಭಾವಿಸುವುದುಂಟು. ಆದರೆ ಮೌನವೆಂಬುದು ತಿಳಿವಳಿಕೆಯ ಅಭಾವವೊಂದೇ ಅಲ್ಲ. ಮಾತಿನ ವ್ಯವಸ್ಥೆಯಲ್ಲಿರುವ ಒಂದು ಕೊರತೆಯೂ ಹೌದು. ಆದುದರಿಂದ ಅದು ಸಾಹಿತ್ಯ ವಿಮರ್ಶೆಯ ವಿಷಯವೂ ಆಗತಕ್ಕದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಡುನುಡಿಯನ್ನು ಒಂದು ಕಡೆಯೂ, ರೋಗವನ್ನು ವಸ್ತುವಾಗಿ ಉಳ್ಳ ಕೆಲವು ಕನ್ನಡ ಕೃತಿಗಳನ್ನು ಇನ್ನೊಂದು ಕಡೆಯೂ ಇಟ್ಟುಕೊಂಡು ಈ ಕೊರತೆಯ ಸ್ವರೂಪವನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದೆ.

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವುಂಟು. ಕನ್ನಡದ ತಿರುಳು ಯಾವ ಊರುಗಳ ನಡುವೆ ಇದೆಯೆಂದು ಹೇಳುವಾಗ ಕವಿರಾಜಮಾರ್ಗಕಾರನು ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನೂ ಹೆಸರಿಸಿದ್ದಾನೆ. ಆ ಕೊಪಣವೇ ಇಂದಿನ ಕೊಪ್ಪಳ. ಅದು ಜೈನರಿಗೆ ಮಹಾತೀರ್ಥವೂ ಆಗಿದ್ದಿತು. ವ್ರತಿಗಳು ಇಲ್ಲಿ ಸಲ್ಲೇಖನವನ್ನು ಕೈಕೊಂಡು ದೇಹವನ್ನು ಬಿಟ್ಟುದಕ್ಕೆ ಇಲ್ಲಿಯ ನಿಸಿದಿಗಳು ಸಾಕ್ಷಿಯಾಗಿವೆ. ರೋಗಕ್ಕೂ ಸಲ್ಲೇಖನಕ್ಕೂ ಹೋಲಿಕೆಯನ್ನು ಕಲ್ಪಿಸುವುದು ಸಲ್ಲದು. ಅದು ಧಾರ್ಮಿಕ ಸಂಕಲ್ಪ, ಇದು ಅನಪೇಕ್ಷಿತ ಆಪತ್ತು. ಆದರೂ ಒಂದು ಅಂಶ ಗಮನಾರ್ಹವಾಗಿದೆ. ಆ ಆಚರಣೆಯಲ್ಲಿ ಮರಣವನ್ನು ಎದುರಿಸುವಾತನಿಗೆ ತನ್ನ ಸ್ಥಿತಿ ತಿಳಿದಿರುತ್ತಿತ್ತು. ಗುರುವಿನ ಮುಂದೆ ಅದನ್ನು ಆತನೇ ನುಡಿಯುತ್ತಿದ್ದನು. ಸಾವಿನ ಸುದ್ದಿಯು ಅದಕ್ಕೆ ಗುರಿಯಾದವನಿಂದ ಮರೆಮಾಚಿದ ಸುದ್ದಿಯಾಗಿರಲಿಲ್ಲ.

ಸಾವನ್ನು ಕುರಿತ ಮಾತಿಗೆ ಈ ಸೀಮೆಯಲ್ಲಿ ಇಂದಿಗೂ ಬಡತನವಿಲ್ಲ. ಹೆಣದ ಮುಂದೆ ರಾತ್ರಿಯಿಡೀ ಭಜನೆಯ ಪದಗಳು ನಡೆಯುತ್ತವೆ. ಹೆಂಗಸರು ಸತ್ತವರ ಗುಣಗಳನ್ನೂ ತಮ್ಮ ಅವರ ಸಂಬಂಧವನ್ನೂ ಎತ್ತಿ ಆಡಿ ಹಾಡಿಕೊಂಡು ಅಳುತ್ತಾರೆ. ಹಾಗಾದರೆ ಕೊರತೆ ಇರುವುದೆಲ್ಲಿ? ರೋಗವು ಗೊತ್ತಾದ ದಿನದಿಂದ ಅದರ ತೀರ್ಮಾನವಾಗುವ ದಿನದವರೆಗಿನ ನಡುಗಾಲದಲ್ಲಿ. ಕ್ಯಾನ್ಸರಿನಲ್ಲಿ ಈ ನಡುಗಾಲವು ತಿಂಗಳುಗಟ್ಟಲೆ, ಅನೇಕ ವೇಳೆ ವರ್ಷಗಟ್ಟಲೆ ನಡೆಯುತ್ತದೆ. ಎಷ್ಟೋ ಜನರ ಪಾಲಿಗೆ ಅದು ಗುಣಮುಖವಾಗಿ ಮುಗಿಯುತ್ತದೆ. ಆದರೆ ನಮ್ಮ ಮಾತು ಆ ಕಾಲಕ್ಕೆ ಒದಗಿಬರುವುದಿಲ್ಲ.

೨

ಈ ಭಾಗದ ಆಡುಮಾತಿನಲ್ಲಿ ರೋಗಕ್ಕೆ ‘ಜಡ್ಡು’, ‘ಬ್ಯಾನಿ’ ಎಂಬ ಹೆಸರುಗಳಿವೆ. ಕ್ಯಾನ್ಸರನ್ನು ಹೆಸರಿಸಬೇಕಾದೆಡೆ ‘ಗಂಟು ಆಗೈತಿ’, ‘ಹುಣ್ಣು ಆಗೈತಿ’ ಎಂಬ ಮಾತಿನಲ್ಲಿ ನಿಲ್ಲುವುದು, ಇಲ್ಲವೆ ದನಿ ತಗ್ಗಿಸಿ ‘ಅದಾ ಜಡ್ಡು’ ಎನ್ನುವುದು ವಾಡಿಕೆ. ಗ್ರಾಂಥಿಕ ಕನ್ನಡದ ‘ಅರ್ಬುದ’ವು ಸುಶ್ರುತಸಂಹಿತೆಯಷ್ಟು ಹಳೆಯದಾದರೂ ಜನರ ನಾಲಗೆಗೆ ಇಳಿದಿಲ್ಲ, ‘ಕ್ಯಾನ್ಸರ್’ ಎಂಬ ಮಾತು ಇಳಿದಿದೆಯಾದರೂ ಅದರ ಅರ್ಥ ರೋಗವೆಂದಲ್ಲ, ತೀರ್ಪೆಂದು. ಸುದ್ದಿಪತ್ರಿಕೆಗಳು ಕೂಡ ನಿಧನವಾರ್ತೆಯಲ್ಲಿ ‘ಕೆಲಕಾಲದಿಂದ ಅಸ್ವಸ್ಥರಾಗಿದ್ದರು’ ಎಂದು ಬರೆದು ಮುಂದಕ್ಕೆ ಸಾಗುವುದನ್ನು ಕಾಣುತ್ತೇವೆ.

ಮನಸ್ಸಿನ ವಿಷಯದಲ್ಲಿ ಸ್ಥಿತಿಯು ಇದಕ್ಕಿಂತ ಭಿನ್ನವಾಗಿದೆ. ‘ಖಿನ್ನತೆ’ ಎಂಬುದು ಪಠ್ಯದ ಮಾತು. ಕುಷ್ಟಗಿಯ ಕಡೆಯ ಒಬ್ಬ ರೈತ ಹೆಂಗಸನ್ನು ‘ನಿಮಗೆ ಖಿನ್ನತೆ ಇದೆಯೆ?’ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬಂದೀತು. ‘ಏನನ್ನಾರ ಮನಸ್ಸಿಗೆ ಹಚ್ಚಿಕೊಂಡೀರೇನವ್ವಾ?’ ಎಂದು ಕೇಳಿದರೆ ಮಾತು ಹೊರಡಬಹುದು. ‘ಜೀವಕ್ಕ ಬ್ಯಾಸರ’, ‘ಎದಿ ಭಾರ’, ‘ಹೊಟ್ಟ್ಯಾಗ ಸಂಕಟ’ ಎಂಬ ನುಡಿಗಟ್ಟುಗಳು ದೇಹವನ್ನೂ ಮನಸ್ಸನ್ನೂ ಬೇರ್ಪಡಿಸದೆ ಹೇಳುತ್ತವೆ. ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಗಣನೀಯವಾದ ಮಾನಸಿಕ ಯಾತನೆಯಿರುತ್ತದೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಅದನ್ನು ಹೇಳಿಕೊಳ್ಳಲು ಬೇಕಾದ ಮಾತು ಈ ಸೀಮೆಯಲ್ಲಿ ಈಗಾಗಲೇ ಉಂಟು. ಕೇಳುವವರಿಗೆ ಅದು ತಿಳಿದಿರಬೇಕು, ಅಷ್ಟೆ.

ಇದನ್ನು ಮನಗಂಡ ಪ್ರಯೋಗವೊಂದು ನೆರೆಯ ಜಿಲ್ಲೆಯಲ್ಲಿಯೇ ನಡೆಯಿತೆಂಬುದು ಸ್ಮರಣೀಯ. ೧೯೮೫ರಿಂದ ೧೯೯೦ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತಂದಿತು. ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ದೇಶಕ್ಕೆ ಮಾದರಿಯಾದದ್ದು ತುಂಗಭದ್ರೆಯ ಆಚೆ ದಡದ ಕೆಲಸವೆಂಬುದನ್ನು ಈಚೆ ದಡದ ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

೩

ಇನ್ನು ಸಾಹಿತ್ಯದ ಕಡೆಗೆ ತಿರುಗೋಣ. ಭರತಮುನಿಯು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ವ್ಯಾಧಿ, ಉನ್ಮಾದ, ಚಿಂತೆ, ದೈನ್ಯ, ಮರಣಗಳು ಸೇರಿವೆ. ಎಂದರೆ ನಮ್ಮ ಕಾವ್ಯಮೀಮಾಂಸೆಯಲ್ಲಿ ವ್ಯಾಧಿಯು ಸ್ಥಾಯಿಯಲ್ಲ, ಸಂಚಾರಿ. ಬೇರೊಂದು ಭಾವವನ್ನು ಪೋಷಿಸಲು ಬಂದುಹೋಗತಕ್ಕದ್ದು. ವಿರಹಿಣಿಯ ಜ್ವರವು ಶೃಂಗಾರವನ್ನು ಪೋಷಿಸುತ್ತದೆ. ಮುದುಕನ ಕೆಮ್ಮು ಹಾಸ್ಯವನ್ನೋ ಕರುಣವನ್ನೋ ಪೋಷಿಸುತ್ತದೆ. ಆಧುನಿಕ ಕಥನವೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆದಿದೆ. ೧೯೭೧ರ ಹಿಂದಿ ಚಿತ್ರ ‘ಆನಂದ್’ನಲ್ಲಿ ರೋಗಿಯು ನಗುನಗುತ್ತ ಸಾಯುವುದು ಉಳಿದವರ ಬಾಳಿಗೆ ಪಾಠವಾಗಲೆಂದು, ಆ ಕಥೆಯನ್ನು ಹೇಳುವವನೂ ರೋಗಿಯಲ್ಲ, ವೈದ್ಯ.

ಈ ಜಾಡನ್ನು ಬಿಟ್ಟು ನಡೆದ ಕನ್ನಡ ಕೃತಿಗಳಲ್ಲಿ ತ್ರಿವೇಣಿಯವರ (೧೯೨೮–೧೯೬೩) ‘ಶರಪಂಜರ’ಕ್ಕೆ ಮೊದಲ ಮನ್ನಣೆ ಸಲ್ಲಬೇಕು. ಬಾಣಂತಿತನದಲ್ಲಿ ಬುದ್ಧಿಭ್ರಮಣೆಗೊಳಗಾದ ಕಾವೇರಿ ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಕಥೆಯ ನಿಜವಾದ ದುರಂತ ಆರಂಭವಾಗುವುದು ಆ ಮೇಲೆ. ಅವಳ ಒಂದೊಂದು ನಗೆಯನ್ನೂ ಒಂದೊಂದು ಸಿಟ್ಟನ್ನೂ ಮನೆಯವರೂ ನೆರೆಯವರೂ ಸಂಶಯದ ಕಣ್ಣಿಂದ ಅಳೆಯುತ್ತಾರೆ. ಅವಳನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ, ಅವಳೊಡನೆ ಮಾತನಾಡುವವರಿಲ್ಲ. ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ಕಳಿಸಿದುದು ರೋಗಕ್ಕಿಂತ ಹೆಚ್ಚಾಗಿ ಈ ಪಿಸುಮಾತು. ವ್ಯಾಧಿಯನ್ನು ಸಂಚಾರಿಯ ಸ್ಥಾನದಿಂದ ಎತ್ತಿ ಕಥೆಯ ಕೇಂದ್ರದಲ್ಲಿಟ್ಟು, ಅದರ ಸುತ್ತಲಿನ ಮಾತಿನ ಕ್ರೌರ್ಯವನ್ನು ತೋರಿಸಿದುದು ತ್ರಿವೇಣಿಯವರ ಸಾಧನೆ.

ಇದೇ ದಾರಿಯಲ್ಲಿ ವೈದ್ಯ ಸಾಹಿತಿಗಳು ಮಾಡಿದ ಕೆಲಸವನ್ನೂ ನೆನೆಯಬೇಕು. ‘ಕೊರವಂಜಿ’ಯ ಸಂಪಾದಕ ರಾಶಿ, ಎಂದರೆ ಡಾ. ಎಂ. ಶಿವರಾಂ ಅವರು, ಮನೋವಿಜ್ಞಾನವನ್ನು ತಿಳಿಗನ್ನಡಕ್ಕೆ ತಂದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ನಡೆಸಿದ ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಹೆಣ್ಣಿನ ದೇಹವನ್ನು ಕುರಿತು, ಅದುವರೆಗೆ ಅಡುಗೆಮನೆಯ ಮೂಲೆಯಲ್ಲಿ ಉಳಿದಿದ್ದ ಮಾತನ್ನು ಸಭ್ಯವಾದ ಗದ್ಯಕ್ಕೆ ತಂದರು. ಎದೆಯ ಗಂಟನ್ನಾಗಲಿ ಗರ್ಭಕೋಶದ ದೋಷವನ್ನಾಗಲಿ ನಾಚಿಕೆಯಿಂದ ಮುಚ್ಚಿಟ್ಟು ತಡವಾಗಿ ಆಸ್ಪತ್ರೆಗೆ ಬರುವ ಹೆಣ್ಣುಮಕ್ಕಳಿಗೆ ಇಂಥ ಗದ್ಯದ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಆ ಲೇಖಕಿಯೂ ೧೯೯೧ರಲ್ಲಿ ಕ್ಯಾನ್ಸರಿಗೆ ತುತ್ತಾದರು.

ಆದರೂ ಇವೆಲ್ಲ ರೋಗಿಯನ್ನು ಕುರಿತ ಬರಹಗಳು. ರೋಗಿಯೇ ‘ನಾನು’ ಎಂದು ಮಾತನಾಡುವ ಬರಹಕ್ಕೆ ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಒಳ್ಳೆಯ ನಿದರ್ಶನವಾಗಿದೆ. ಸ್ತನ ಕ್ಯಾನ್ಸರಿನ ಸ್ವಾನುಭವದ ಕಥನವಿದು. ಹೆಸರಿನಲ್ಲಿಯೇ ಅರ್ಥವಿದೆ. ಬುದ್ಧನು ಕೇಳಿದ, ಸಾವಿಲ್ಲದ ಮನೆಯ ಸಾಸಿವೆಯನ್ನು ಕಿಸಾಗೋತಮಿ ತರಲಾರದೆ ಹೋದಳು. ಇಲ್ಲಿಯ ಹೆಣ್ಣು ತಂದವಳು. ಆ ಹಳೆಯ ಕಥೆ ಸಾವಿನ ಸಾರ್ವತ್ರಿಕತೆಯನ್ನು ಬೋಧಿಸಿದರೆ, ಈ ಬರಹ ನಡುಗಾಲವನ್ನು ಬಾಳಿದವಳ ಲೆಕ್ಕವನ್ನು ಕೊಡುತ್ತದೆ. ಭಯವನ್ನು ಒಪ್ಪಿಕೊಳ್ಳುತ್ತಲೇ ನಗುವ ಅದರ ಧಾಟಿಯನ್ನು ಕೇವಲ ಹಾಸ್ಯವೆಂದು ಎಣಿಸುವಂತಿಲ್ಲ. ತನ್ನ ರೋಗದ ಮೇಲೆ ತನ್ನ ಮಾತಿನ ಒಡೆತನವನ್ನು ಸ್ಥಾಪಿಸಿಕೊಳ್ಳುವ ಕ್ರಮವದು.

ಇಲ್ಲಿ ರೂಪಕದ ಪ್ರಶ್ನೆಯೂ ಏಳುತ್ತದೆ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ ತಾವೇ ಕ್ಯಾನ್ಸರಿಗೆ ಗುರಿಯಾಗಿದ್ದಾಗ ಬರೆದು ೧೯೭೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ರೋಗದ ಮೇಲೆ ಹೇರಿದ ರೂಪಕಗಳು ರೋಗಿಯನ್ನೇ ಅಪರಾಧಿಯನ್ನಾಗಿ ಮಾಡುತ್ತವೆಂದು ವಾದಿಸಿದರು. ನಮ್ಮಲ್ಲಿ ಬಳಕೆಯಲ್ಲಿರುವ ‘ಮಾರಿ’, ‘ಕರ್ಮ’ ಎಂಬ ಮಾತುಗಳಿಗೆ ಈ ಆಕ್ಷೇಪ ಸಲ್ಲುತ್ತದೆ. ‘ಕ್ಯಾನ್ಸರ್ ಗೆದ್ದವರು’ ಎಂಬ ಹೊಸ ಪ್ರಶಂಸೆಗೂ ಅದು ಸಲ್ಲದಿರದು. ಗೆದ್ದವರು ವೀರರಾದರೆ ತೀರಿಕೊಂಡವರು ಧೈರ್ಯ ಸಾಲದೆ ಸೋತವರೆಂದಾಯಿತು. ಧೈರ್ಯವು ಔಷಧಕ್ಕೆ ಬದಲಿಯಲ್ಲ. ಅಂಜಿಕೆ ಅಪರಾಧವೂ ಅಲ್ಲ.

೪

ಹಾಗಾದರೆ ಎಲ್ಲರೂ ಎಲ್ಲವನ್ನೂ ಬಹಿರಂಗಪಡಿಸಬೇಕೆ? ಕನ್ನಡ ಜನ ಬಲ್ಲ ಈಚಿನ ಎರಡು ನಿದರ್ಶನಗಳನ್ನು ಒಟ್ಟಿಗೆ ನೋಡಬಹುದು. ಅಚ್ಚ ಕನ್ನಡದ ನಿರೂಪಣೆಗೆ ಹೆಸರಾದ ಅಪರ್ಣಾ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ೨೦೨೪ರ ಜುಲೈಯಲ್ಲಿ ತೀರಿಕೊಂಡ ಬಳಿಕವೇ ನಾಡಿಗೆ ಅವರ ರೋಗದ ವಿಷಯ ತಿಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ನಟ ಶಿವರಾಜ್‌ಕುಮಾರ್ ಅವರು ೨೦೨೫ರ ಹೊಸವರ್ಷದ ಸಂದರ್ಭದಲ್ಲಿ ತಾವು ಅಂಜಿದ್ದನ್ನೂ ಗುಣಮುಖರಾದುದನ್ನೂ ಜನರೆದುರು ತಾವೇ ಹೇಳಿಕೊಂಡರು. ಇವರಲ್ಲಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಹಳಿಯುವುದು ಔಚಿತ್ಯವಲ್ಲ. ತಾನು ಬಲ್ಲ ಸತ್ಯವನ್ನು ಹೇಳುವುದೂ ಹೇಳದಿರುವುದೂ ರೋಗಿಯ ಹಕ್ಕು.

ದೋಷವಿರುವುದು ಬೇರೆ ಬಗೆಯ ಮೌನದಲ್ಲಿ. ವೈದ್ಯರನ್ನು ಕೋಣೆಯಾಚೆ ಕರೆದು ‘ಆಕಿಗೆ ಹೇಳಬ್ಯಾಡ್ರಿ, ಎದಿ ಒಡಕೋತಾಳ’ ಎಂದು ಮನೆಯವರು ಬೇಡಿಕೊಳ್ಳುವ ಮೌನವದು. ನಿಮ್ಹಾನ್ಸ್‌ನ ಡಾ. ಸಂತೋಷ್ ಚತುರ್ವೇದಿ ಮೊದಲಾದ ಮನೋವೈದ್ಯರು, ರೋಗಿಯನ್ನು ಹೊರಗಿಟ್ಟು ಬಂಧುಗಳೂ ವೈದ್ಯರೂ ಮಾಡಿಕೊಳ್ಳುವ ಈ ಒಳ ಒಪ್ಪಂದವನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಅದರ ಮೂಲ ಪ್ರೀತಿಯೇ. ಫಲ ಮಾತ್ರ ಒಂಟಿತನ. ಯಲಬುರ್ಗಾದ ಹಳ್ಳಿಯಿಂದ ಗದಗದ ಮೇಲೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಅಲ್ಲಿಂದ ಮುಂದೆ ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವ ರೋಗಿಗೆ ತಾನು ಎಲ್ಲಿಗೆ ಬಂದಿದ್ದೇನೆಂಬುದು ಬಾಗಿಲ ಮೇಲಿನ ಫಲಕದಿಂದಲೇ ತಿಳಿಯುತ್ತದೆ. ಮಕ್ಕಳು ಗೊತ್ತಿಲ್ಲದಂತೆ ನಟಿಸುತ್ತಾರೆ. ಮಕ್ಕಳಿಗಾಗಿ ತಾಯಿಯೂ ಹಾಗೆಯೇ ನಟಿಸುತ್ತಾಳೆ. ಒಂದೇ ಮನೆಯಲ್ಲಿ ಎಲ್ಲರೂ ಬಲ್ಲ ಸಂಗತಿಯನ್ನು ಒಬ್ಬರೂ ಆಡಲಾರರು. ಚಿತೆಗೂ ಚಿಂತೆಗೂ ಒಂದೇ ಸೊನ್ನೆಯ ಅಂತರವೆಂಬ ನಮ್ಮ ಹಿರಿಯರ ಮಾತು ಇಂಥ ಮನೆಗೆ ಸಲ್ಲತಕ್ಕದ್ದು.

ಇದು ಕೆಲವರ ಪಾಡಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಭಾರತದಲ್ಲಿ ಸುಮಾರು ೧೪ ಲಕ್ಷ ಜನರಿಗೆ ಹೊಸದಾಗಿ ಈ ರೋಗ ತಗುಲಿತು. ಸುಮಾರು ೯ ಲಕ್ಷ ಜನ ತೀರಿಕೊಂಡರು. ಬಾಯಿಯ, ಎದೆಯ, ಗರ್ಭಕೊರಳಿನ ಕ್ಯಾನ್ಸರುಗಳನ್ನು ಬೇಗ ಗುರುತಿಸಿದರೆ ಗುಣಪಡಿಸುವ ಅವಕಾಶ ಹೆಚ್ಚು. ಬೇಗ ಗುರುತಿಸುವುದಾದರೋ ಬೇಗ ಬಾಯಿಬಿಡುವುದನ್ನು ಅವಲಂಬಿಸಿದೆ.

೫

ಈ ಸೀಮೆಯಲ್ಲಿ ಜಡ್ಡಾದವರನ್ನು ನೋಡಲು ಹೋಗುವುದಕ್ಕೆ ‘ಮಾತಾಡಿಸಿಕೊಂಡು ಬರುವುದು’ ಎಂಬ ಹೆಸರಿದೆ. ವ್ಯಾಕರಣದ ದೃಷ್ಟಿಯಿಂದ ‘ಮಾತಾಡಿಸು’ ಎಂಬುದು ಪ್ರೇರಣಾರ್ಥಕ ಧಾತು: ಮಾತನಾಡುವ ಕರ್ತೃ ಎದುರಿನವನು, ಬಂದವನು ಪ್ರೇರಕ ಮಾತ್ರ. ರೂಢಿಯಲ್ಲಿ ಇದು ತಿರುವುಮುರುವಾಗಿದೆ. ಬಂದವರು ಮಾತನಾಡುತ್ತಾರೆ, ಇನ್ನಾರಿಗೋ ಬಂದ ಇಂಥದೇ ರೋಗದ ಕಥೆಯನ್ನು ಹೇಳುತ್ತಾರೆ, ಊಟೋಪಚಾರದ ಸಲಹೆ ಕೊಡುತ್ತಾರೆ, ಮಲಗಿದವರು ಕೇಳುತ್ತಾರೆ. ಆ ಧಾತುವಿನ ಮೂಲಾರ್ಥವನ್ನು ಆಚರಣೆಗೆ ಮರಳಿಸುವುದೇ ಬಿಚ್ಚುಮಾತಿನ ಪೂರ್ಣ ಅರ್ಥ.

ನಮ್ಮ ವಿಭಾಗಗಳು ಈ ಸೀಮೆಯ ಶಾಸನಗಳನ್ನು ಓದಿವೆ. ಹಂತಿಯ ಹಾಡು, ಮೊಹರಮ್ಮಿನ ಪದ, ಬಯಲಾಟಗಳನ್ನು ಸಂಗ್ರಹಿಸಿವೆ. ಬೇನೆಯನ್ನು ಉಂಡವರ ಮಾತುಗಳ ಸಂಗ್ರಹವೂ ಆಗಬೇಕಾಗಿದೆ. ಅದರಲ್ಲಿ ಹೆಸರುಗಳು ಬೇಡ, ಒತ್ತಾಯ ಬೇಡ, ಹೇಳಲೊಲ್ಲದವರ ಮೌನಕ್ಕೆ ಗೌರವವಿರಲಿ. ಮನಸ್ಸಿಗೆ ಹಚ್ಚಿಕೊಂಡುದನ್ನು ಹೇಳುವ ನುಡಿಗಟ್ಟುಗಳ ಒಂದು ಸಣ್ಣ ಕೋಶವು ಕೊಪ್ಪಳದ ವೈದ್ಯಕೀಯ ವಿದ್ಯಾರ್ಥಿಯ ಕೈಗೆ ಸಿಕ್ಕಿದರೂ ಕನ್ನಡ ಸಂಶೋಧನೆಯಿಂದ ಒಬ್ಬ ರೋಗಿಗಾದರೂ ಉಪಕಾರವಾದೀತು. ಕನ್ನಡದ ತಿರುಳಿನ ನಾಡೆಂದು ಒಂಬತ್ತನೆಯ ಶತಮಾನದಲ್ಲಿ ಕರೆಯಿಸಿಕೊಂಡ ಸೀಮೆಯಿಂದ ಇಂಥ ಕೆಲಸವನ್ನು ನಿರೀಕ್ಷಿಸುವುದು ಅತಿಯಾಗಲಾರದು.