‘ಬೇಡ’ ಅನ್ನದ ಶಿಫಾರಸು

ಬೆಂಗಳೂರಿಗೆ ಬಂದ ನೆಂಟರು ‘ಇಲ್ಲಿ ಒಳ್ಳೆ ದೋಸೆ ಎಲ್ಲಿ ಸಿಗತ್ತೆ?’ ಅಂತ ಕೇಳಿದರೆ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ವಿದ್ಯಾರ್ಥಿ ಭವನ, ಸಿಟಿಆರ್, ಎಂಟಿಆರ್ ಎಂದು ಮೂರು ಹೆಸರು ಒಂದೇ ಉಸಿರಿಗೆ ಬಂದುಬಿಡುತ್ತವೆ. ಹೇಳುವವರು ಬಸವನಗುಡಿಯವರಾದರೆ ವಿದ್ಯಾರ್ಥಿ ಭವನ ಮೊದಲು, ಮಲ್ಲೇಶ್ವರದವರಾದರೆ ಸಿಟಿಆರ್ ಮೊದಲು, ಅಷ್ಟೇ ವ್ಯತ್ಯಾಸ. ಮೂರೂ ಒಳ್ಳೆಯ ಹೋಟೆಲುಗಳೇ. ಆದರೆ ಕೇಳಿದವರಿಗೆ ಸಿಕ್ಕಿದ್ದು ಬರೀ ವಿಳಾಸ. ಅದನ್ನು ಹಿಡಿದುಕೊಂಡು ಅವರು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಂಡಿನೋವಿನ ಅತ್ತೆಯನ್ನೂ ಹಸಿದ ಮಗುವನ್ನೂ ಕರೆದುಕೊಂಡು ಹೋಗಿ ಫುಟ್‌ಪಾತಿನ ಮೇಲೆ ಹೆಸರು ಬರೆಸಿ ನಿಲ್ಲುತ್ತಾರೆ. ಕಡೆಗೂ ದೋಸೆ ತಿಂದು ಬಂದು ‘ಚೆನ್ನಾಗಿತ್ತು, ಆದ್ರೆ...’ ಎನ್ನುತ್ತಾರೆ. ಆ ‘ಆದ್ರೆ’ಯನ್ನು ಮೊದಲೇ ಹೇಳಬೇಕಾಗಿದ್ದವರು ನಾವು.

ನಮ್ಮಲ್ಲಿ ಅತಿ ಹೆಚ್ಚು ನಡೆಯುವ ವಿಮರ್ಶೆ ಎಂದರೆ ತಿಂಡಿಯದೇ. ಕಾದಂಬರಿ ಮುಟ್ಟದವರೂ ನಾಟಕ ನೋಡದವರೂ ‘ಅಲ್ಲಿ ಒಂದ್ಸಲ ತಿಂದ್ ನೋಡಿ’ ಅಂತ ದಿನಕ್ಕೊಮ್ಮೆಯಾದರೂ ತೀರ್ಪು ಕೊಡುತ್ತಾರೆ. ಆದರೆ ಪುಸ್ತಕ ವಿಮರ್ಶೆಯಲ್ಲಿ ಬರೀ ಹೊಗಳಿಕೆ ಕಂಡರೆ ಮೂಗು ಮುರಿಯುವ ನಾವು ಹೋಟೆಲಿನ ವಿಷಯದಲ್ಲಿ ಮಾತ್ರ ‘ಸಕತ್ತಾಗಿದೆ’ ಎಂಬ ಒಂದೇ ಮಾತಿಗೆ ತೃಪ್ತರು. ನನ್ನ ತಕರಾರು ಇಷ್ಟೇ: ನಮ್ಮ ಶಿಫಾರಸುಗಳಲ್ಲಿ ‘ಬೇಡ’ ಎಂಬುದೇ ಇರುವುದಿಲ್ಲ. ಅಲ್ಲಿ ಏನನ್ನು ತಿನ್ನುವುದು ಬೇಡ, ಯಾವ ಹೊತ್ತಿಗೆ ಹೋಗುವುದು ಬೇಡ, ಯಾರನ್ನು ಕರೆದುಕೊಂಡು ಹೋಗುವುದು ಬೇಡ, ಇವು ಮೂರೂ ಇಲ್ಲದ ಶಿಫಾರಸಿಗೂ ಬಸ್ಸಿನ ಹಿಂದೆ ಅಂಟಿಸಿದ ಜಾಹೀರಾತಿಗೂ ಹೆಚ್ಚು ಅಂತರವಿಲ್ಲ.

ಆ ಮೂರು ಹೆಸರುಗಳನ್ನೇ ತೆಗೆದುಕೊಳ್ಳಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿನ ಮಸಾಲೆ ದೋಸೆ ದಪ್ಪ. ಹೊರಮೈ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಚಟ್ನಿ ತೆಳ್ಳಗೆ, ಸುರಿಯುವ ಕೈ ಮಾತ್ರ ಧಾರಾಳ. ದೋಸೆಯೆಂದರೆ ಕಾಗದದಷ್ಟು ತೆಳುವಾಗಿ ತಟ್ಟೆಯಿಂದಾಚೆ ಚಾಚಿಕೊಂಡಿರಬೇಕು ಎಂದು ನಂಬಿದವರಿಗೆ ಇದು ಹಿಡಿಸುವುದಿಲ್ಲ, ಹಿಡಿಸಲೇಬೇಕು ಅಂತಲೂ ಇಲ್ಲ. ಮಾಣಿ ಒಂದೇ ತೋಳಿನ ಮೇಲೆ ತಟ್ಟೆಗಳ ಗೋಪುರ ಪೇರಿಸಿಕೊಂಡು ಬರುವುದು, ಗೋಡೆಯ ಮೇಲಿಂದ ಕನ್ನಡದ ಸಾಹಿತಿಗಳು ನಮ್ಮ ತಟ್ಟೆ ನೋಡುತ್ತಿರುವುದು, ಪಕ್ಕದ ಮೇಜಿನಲ್ಲಿ ಅಪರಿಚಿತರ ಮನೆಯ ಮದುವೆ ಮಾತುಕತೆ ನಡೆದಿರುವುದು, ಇದೆಲ್ಲ ಸೇರಿ ಆ ದೋಸೆ. ಪಾರ್ಸೆಲ್ ಕಟ್ಟಿಸಿಕೊಂಡು ಮನೆಯಲ್ಲಿ ಬಿಚ್ಚಿ ತಿಂದರೆ ಉಳಿಯುವುದು ಅರ್ಧ. ಹಾಗಾಗಿ ವಿದ್ಯಾರ್ಥಿ ಭವನದ ಬಗ್ಗೆ ನನ್ನ ಮೊದಲ ‘ಬೇಡ’ ಪಾರ್ಸೆಲ್ಲು. ಎರಡನೆಯದು ಶುಕ್ರವಾರ, ಅವತ್ತು ಬಾಗಿಲು ಹಾಕಿರುತ್ತದೆ. ಇಷ್ಟು ಸಣ್ಣ ಮಾತನ್ನೂ ಹೇಳದೆ ಎಷ್ಟು ಜನರನ್ನು ನಾವು ಗಾಂಧಿ ಬಜಾರಿಗೆ ಅಟ್ಟಿದ್ದೇವೋ!

ಮಲ್ಲೇಶ್ವರದ ಸಿಟಿಆರ್ ಬೋರ್ಡಿನಲ್ಲಿ ಶ್ರೀ ಸಾಗರ್ ಎಂದಿದೆ. ಹೊಸಬರು ಅದರ ಮುಂದೆಯೇ ನಿಂತು ‘ಸಿಟಿಆರ್ ಎಲ್ಲಿ’ ಅಂತ ಕೇಳುವುದುಂಟು. ಅಲ್ಲಿಯದು ಬೆಣ್ಣೆಯ ದೋಸೆ, ಬಣ್ಣ ಗಾಢ ಕಂದು, ಅಂಚು ಮುರಿದರೆ ಸದ್ದಾಗುತ್ತದೆ. ಬರೀ ರುಚಿಯ ಲೆಕ್ಕದಲ್ಲಿ ಮೂರರಲ್ಲಿ ನನ್ನ ಓಟು ಇದಕ್ಕೆ. ಆದರೆ ಕೂತು ಹರಟುವ ಜಾಗ ಅದಲ್ಲ. ಕುರ್ಚಿಯ ಹಿಂದೆ ಮುಂದಿನವರು ಕಾಯುತ್ತ ನಿಂತಿರುವಾಗ ಹಳೆಯ ಗೆಳೆಯರ ಜೊತೆ ಏನು ಮಾತಾಡುತ್ತೀರಿ?

ಇನ್ನು ಎಂಟಿಆರ್. ಲಾಲ್‌ಬಾಗಿನ ಹತ್ತಿರದ ಈ ಹೋಟೆಲಿನ ಹುಟ್ಟು 1924ರಲ್ಲಿ. ಅಲ್ಲಿ ದೋಸೆಯ ಜೊತೆ ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ, ಅದರ ಫೋಟೋ ಎಲ್ಲರ ಫೋನಿನಲ್ಲೂ ಇದೆ. ಆದರೂ ನಾನು ಹೇಳುವುದು, ಎಂಟಿಆರ್‌ಗೆ ಹೋದರೆ ದೋಸೆ ಬೇಡ. ಅಷ್ಟೇ ಒಳ್ಳೆಯ ದೋಸೆ ಊರಿನಲ್ಲಿ ಬೇರೆ ಕಡೆಯೂ ಇದೆ. ರವೆ ಇಡ್ಲಿ ತಿನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ತಾವೇ ಎಂದು ಆ ಹೋಟೆಲು ಹೇಳಿಕೊಂಡು ಬಂದಿದೆ. ಗೋಡಂಬಿ ಕೂತ ಆ ಇಡ್ಲಿಗೆ ಆಲೂಗಡ್ಡೆ ಸಾಗು, ಮೇಲೆ ತುಪ್ಪ. ಈಗ ಸಿಂಗಪುರದಲ್ಲೂ ದುಬೈಯಲ್ಲೂ ಎಂಟಿಆರ್ ಹೆಸರಿನ ಹೋಟೆಲುಗಳಿವೆ. ಅಲ್ಲಿನ ಕನ್ನಡಿಗರು ಊರಿನ ನೆನಪಾದಾಗ ಹೋಗುತ್ತಾರೆ. ನೆನಪಿಗಾಗಿ ತಿನ್ನುವುದು ತಪ್ಪಲ್ಲ. ಆದರೆ ನೆನಪಿನ ದೋಸೆಯನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುವಾಗ ಅವರಿಗೆ ಆ ನೆನಪಿಲ್ಲ ಎಂಬುದು ಗೊತ್ತಿರಬೇಕು.

ಈ ‘ಬೇಡ’ವನ್ನು ತಾನೇ ಹೇಳಿಕೊಂಡ ಹೋಟೆಲು ಒಂದಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಲ್ಲಿಗೆ ಮುಗಿಯಿತು. ಸಾಂಬಾರ್ ಇಲ್ಲ. ಕೇಳಿದರೂ ಇಲ್ಲ. ದೋಸೆಯೂ ಇಲ್ಲ. ನಿಂತೇ ತಿನ್ನಬೇಕು, ಚಟ್ನಿ ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಇಪ್ಪತ್ತು ಪುಟದ ಮೆನು ಕಾರ್ಡಿನಲ್ಲಿ ಗೋಬಿ ಮಂಚೂರಿಯಿಂದ ಪನೀರ್ ಪಿಜ್ಜಾವರೆಗೆ ಎಲ್ಲವನ್ನೂ ತುಂಬಿಸಿಕೊಂಡ ಹೋಟೆಲುಗಳ ನಡುವೆ ಇಂಥ ಹಟ ನನಗೆ ರುಚಿಯಷ್ಟೇ ಇಷ್ಟ. ಆದರೂ ಸಾಂಬಾರಿನಲ್ಲಿ ಇಡ್ಲಿ ಮುಳುಗಿಸಿ ತಿನ್ನುವವರನ್ನು ಅಲ್ಲಿಗೆ ಕಳಿಸಿ, ಅವರು ಮುಖ ಕಿವುಚಿದರೆ ‘ನಿಮಗೆ ರುಚಿ ಗೊತ್ತಿಲ್ಲ’ ಅನ್ನುವುದು ಅಧಿಕಪ್ರಸಂಗ.

ನಿಂತು ತಿನ್ನುವುದು ಅಂದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಆ ಪದ್ಧತಿ ಇಡೀ ಊರಿಗೆ ಹಬ್ಬಿತು. ಕೂಪನ್ ತಗೊಂಡು, ಕೌಂಟರಿನಲ್ಲಿ ತಟ್ಟೆ ಹಿಡಿದು, ಎದೆಮಟ್ಟದ ಮೇಜಿಗೆ ಒರಗಿ ಹತ್ತು ನಿಮಿಷದಲ್ಲಿ ಮುಗಿಸುವ ತಿಂಡಿ. ಕಡಿಮೆ ದುಡ್ಡಿಗೆ ಬಿಸಿಬಿಸಿ, ಕಣ್ಣೆದುರೇ ಬೇಯುವ ಅಡುಗೆ. ಈಚೆಗೆ ಇದೇ ಮಾದರಿಯನ್ನು ಬೆಳಕು, ಸಂಗೀತ, ರೀಲ್ಸು ಹಾಕಿ ಹೊಸದಾಗಿ ಕಟ್ಟಿದ್ದಾರೆ, ಮಧ್ಯರಾತ್ರಿಯಲ್ಲೂ ಕ್ಯೂ. ಕ್ಯೂ ಕಂಡರೆ ಇನ್ನಷ್ಟು ಜನ ಬಂದು ನಿಲ್ಲುತ್ತಾರೆ, ಆ ಕ್ಯೂವಿನ ವಿಡಿಯೋ ಇನ್ನಷ್ಟು ಜನರನ್ನು ಕರೆಯುತ್ತದೆ. ತಟ್ಟೆಯಲ್ಲಿ ಏನಿತ್ತು ಎಂಬುದನ್ನು ವಿಡಿಯೋದಲ್ಲಿ ಯಾರೂ ಹೇಳುವುದಿಲ್ಲ. ತುಪ್ಪ ಸುರಿಯುವುದನ್ನು ತೋರಿಸುತ್ತಾರೆ.

ನಕ್ಷತ್ರಗಳ ಕತೆ ಇನ್ನೂ ಬಡವು. ಐದಕ್ಕೆ 4.2 ಅಂದರೆ ಏನು? ಡೆಲಿವರಿ ತಡವಾಯಿತೆಂದು ಒಂದು ನಕ್ಷತ್ರ ಕೊಟ್ಟವರು, ಪಾರ್ಕಿಂಗ್ ಇಲ್ಲವೆಂದು ಎರಡು ಕೊಟ್ಟವರು, ಮಾಲೀಕರ ಬಾವಮೈದುನರು, ಎಲ್ಲರನ್ನೂ ರುಬ್ಬಿ ತೆಗೆದ ಸರಾಸರಿ. ಈ ಅಂಕಿ ಕೆಟ್ಟ ಹೋಟೆಲಿನಿಂದ ನಮ್ಮನ್ನು ಉಳಿಸಬಹುದು, ಒಪ್ಪುತ್ತೇನೆ. ಒಳ್ಳೆಯದರತ್ತ ಒಯ್ಯುವ ಶಕ್ತಿ ಅದಕ್ಕಿಲ್ಲ. ಹೋಟೆಲಿಗೆ ಅಂಕಿ ಕೊಟ್ಟರೆ ವಡೆಗೆ ಕೊಟ್ಟಂತಾಗುವುದಿಲ್ಲ, ಬೆಳಗಿನ ವಡೆಗೆ ಕೊಟ್ಟರೆ ಸಂಜೆಯ ವಡೆಗೂ ಅನ್ವಯಿಸುವುದಿಲ್ಲ.

ಇದೆಲ್ಲಕ್ಕಿಂತ ಒಳ್ಳೆಯ ವಿಮರ್ಶಕ ಹೋಟೆಲಿನ ಒಳಗೇ ಇರುತ್ತಾನೆ. ‘ಏನಿದೆ?’ ಅಂತ ಕೇಳಿದರೆ ಮಾಣಿ ಇಡ್ಲಿಯಿಂದ ಹಿಡಿದು ಪಟ್ಟಿ ಒಪ್ಪಿಸುತ್ತಾನೆ, ಅದರಲ್ಲಿ ನಮಗೆ ಏನೂ ಸಿಗುವುದಿಲ್ಲ. ‘ಬಿಸಿ ಏನಿದೆ?’ ಅಂತ ಕೇಳಿ ನೋಡಿ. ‘ವಡೆ ಬೇಡ ಸಾರ್, ಬೆಳಿಗ್ಗೇದು. ಬೋಂಡ ಈಗ ಬಿಡ್ತಿದಾರೆ, ಐದ್ ನಿಮಿಷ.’ ಒಂದು ‘ಬೇಡ’, ಒಂದು ಕಾರಣ, ಒಂದು ಬದಲಿ, ಎಷ್ಟು ಕಾಯಬೇಕು ಎಂಬ ಲೆಕ್ಕ. ತನ್ನ ಮಾಲೀಕನ ವಡೆ ಮಾರಾಟವಾಗದಿದ್ದರೂ ಪರವಾಗಿಲ್ಲ ಎಂದು ಗಿರಾಕಿಯ ಪರ ನಿಂತ ಆ ಮಾತಿಗೆ ನಾನು ಯಾವ ನಕ್ಷತ್ರವನ್ನೂ ಸಾಟಿ ಇಡಲಾರೆ.

ನಮ್ಮಲ್ಲಿ ಟೀಕೆಯೇ ಇಲ್ಲ ಎಂದಲ್ಲ. ‘ಮೊದಲಿನ ಹಾಗಿಲ್ಲ’ ಎಂಬುದೊಂದು ಇದೆ. ಐವತ್ತು ದಾಟಿದ ಯಾರನ್ನೇ ಯಾವ ಹೋಟೆಲಿನ ಬಗ್ಗೆ ಕೇಳಿದರೂ ಈ ಮಾತು ಬರುತ್ತದೆ. ಕೇಳಲು ಟೀಕೆಯಂತಿದೆ, ನಿಜವಾಗಿ ಅದೂ ಒಂದು ಬಗೆಯ ಸೋಮಾರಿತನ. ಏನು ಬದಲಾಯಿತು? ಕಾಫಿಗೆ ಚಿಕೋರಿ ಹೆಚ್ಚಾಯಿತೇ? ಬೆಣ್ಣೆ ಹೋಗಿ ಎಣ್ಣೆ ಬಂತೇ? ಆಲೂಗಡ್ಡೆ ಪಲ್ಯಕ್ಕೆ ಈರುಳ್ಳಿ ಕಡಿಮೆಯಾಯಿತೇ? ಅಥವಾ ಹದಿನೆಂಟರ ಹಸಿವು ಈಗ ಇಲ್ಲವೇ? ಇದನ್ನು ಬಿಡಿಸಿ ಹೇಳಿದರೆ ವಿಮರ್ಶೆ. ಹೇಳದಿದ್ದರೆ ಬರೀ ವಯಸ್ಸು ಮಾತಾಡಿದಂತೆ.

ಸಿಹಿಯ ವಿಷಯಕ್ಕೆ ಬಂದರೆ ನಮ್ಮ ಅಜಾಗರೂಕತೆ ಇನ್ನೂ ಎದ್ದು ಕಾಣುತ್ತದೆ. ‘ಮೈಸೂರಿಗೆ ಹೋದರೆ ಮೈಸೂರು ಪಾಕ್ ತನ್ನಿ’ ಅನ್ನುತ್ತೇವೆ. ಯಾವುದನ್ನು? ಆ ಹೆಸರಿನಲ್ಲಿ ಎರಡು ಬೇರೆ ತಿನಿಸುಗಳಿವೆ. ಒಂದು ಗಟ್ಟಿ, ಮೈತುಂಬ ರಂಧ್ರ. ಅಂಚಿನಲ್ಲಿ ಹಳದಿ, ನಡುವೆ ಇಟ್ಟಿಗೆ ಬಣ್ಣ. ಕುದಿಯುವ ಸಕ್ಕರೆ ಪಾಕದಲ್ಲಿ ಬೇಯುತ್ತಿರುವ ಕಡಲೆಹಿಟ್ಟಿಗೆ ಕಾದ ತುಪ್ಪ ಸುರಿದಾಗ ನೊರೆ ಏಳುತ್ತದೆ. ಆ ನೊರೆ ಹಾಗೇ ಗಟ್ಟಿಯಾದರೆ ರಂಧ್ರಗಳು ಉಳಿಯುತ್ತವೆ. ತಟ್ಟೆಗೆ ಸುರಿದ ಮೇಲೂ ನಡುವಿನ ಭಾಗದ ಕಾವು ಆರುವುದಿಲ್ಲ, ಅಲ್ಲಿ ಹಿಟ್ಟು ಇನ್ನಷ್ಟು ಹುರಿದು ಕೆಂಪಾಗುತ್ತದೆ. ಇನ್ನೊಂದು ಮೆತ್ತನೆಯದು, ತುಪ್ಪವೇ ಹೆಚ್ಚು, ಬಾಯಿಗಿಟ್ಟರೆ ಕರಗಿ ಹೋಗುವಂಥದು. ಇದನ್ನು ದೊಡ್ಡ ಮಟ್ಟದಲ್ಲಿ ಜನಪ್ರಿಯ ಮಾಡಿದ್ದರಲ್ಲಿ ಕೊಯಮತ್ತೂರಿನ ಶ್ರೀ ಕೃಷ್ಣ ಸ್ವೀಟ್ಸ್ ಪಾಲು ದೊಡ್ಡದು. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನವರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರು. ಹೆಸರು ಕೇಳಿ ಹೋದವರು ಅಲ್ಲಿ ಗಟ್ಟಿ ಪಾಕ್ ಹುಡುಕಿದರೆ ನಿರಾಸೆಯಾಗಬಹುದು. ನನ್ನದು ಗಟ್ಟಿಯ ಪಕ್ಷ. ಹಲ್ಲಿಗೆ ಕೆಲಸ ಕೊಡದ, ಎರಡು ತುಂಡಿಗೆ ಮುಖ ಕಟ್ಟುವ ಮೆತ್ತನೆಯ ಪಾಕ್ ತುಪ್ಪದ ಗುಣಗಾನದಂತೆ ಕಾಣುತ್ತದೆ, ಕಡಲೆಹಿಟ್ಟು ಹುರಿದ ಘಮವೇ ಅದರಲ್ಲಿ ಸತ್ತಿರುತ್ತದೆ. ಆದರೆ ಹಲ್ಲಿಲ್ಲದ ಅಜ್ಜಿಗೆ ಯಾವುದು ಒಯ್ಯಬೇಕು ಎಂದರೆ ನನ್ನ ಪಕ್ಷ ಬದಲಾಗುತ್ತದೆ.

ಅದೇ ಊರಿನ ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಆ ಹೆಸರಿನ ಅಂಗಡಿಗಳು ಅಕ್ಕಪಕ್ಕದಲ್ಲೇ ಇವೆ, ‘ಒರಿಜಿನಲ್’ ತಾವೆನ್ನುವ ಹಕ್ಕು ಬಿಟ್ಟುಕೊಡಲು ಯಾರೂ ಸಿದ್ಧರಿಲ್ಲ. ಶಿಫಾರಸು ಮಾಡುವವರು ತಾವು ತಿಂದದ್ದು ಯಾವುದರಲ್ಲಿ ಎಂದು ಹೇಳುವುದೇ ಇಲ್ಲ. ಗರಿ ಬಯಸುವವರಿಗೆ ಯಾವುದೂ ಬೇಡ. ಅದು ಮೆತ್ತನೆಯ, ಸಾಗು ಮತ್ತು ಬೆಣ್ಣೆಯ ದೋಸೆ.

ಕರಾವಳಿಯವರು ಈ ವಿಷಯದಲ್ಲಿ ವಾಸಿ. ಮಂಗಳೂರಿನಲ್ಲಿ ‘ಐಡಿಯಲ್‌ಗೆ ಹೋಗಿ’ ಎಂದು ನಿಲ್ಲಿಸುವುದಿಲ್ಲ, ‘ಗಡ್‌ಬಡ್ ತಿನ್ನಿ’ ಅನ್ನುತ್ತಾರೆ. 1975ರಲ್ಲಿ ಶುರುವಾದ ಐಸ್‌ಕ್ರೀಂ ಅಂಗಡಿ ಐಡಿಯಲ್‌ನ ಮುಂದೆ ಉಡುಪಿಯ ಡಯಾನಾ ಹೆಸರೆತ್ತಿದರೆ ಗಡ್‌ಬಡ್ ಮೊದಲು ಮಾಡಿದ್ದು ಯಾರು ಎಂಬ ವಾದ ಏಳುತ್ತದೆ. ತಿನ್ನುವವರಿಗೆ ಆ ವಾದದಿಂದ ಲಾಭವಿಲ್ಲ. ಉದ್ದನೆಯ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಎರಡು ಮೂರು ಬಗೆಯ ಐಸ್‌ಕ್ರೀಂ, ಒಣಹಣ್ಣು ಪದರ ಪದರವಾಗಿ ಕೂತಿರುತ್ತವೆ. ಮೇಲಿನಿಂದ ತಿನ್ನುತ್ತ ಹೋದರೆ ಮೊದಲು ಐಸ್‌ಕ್ರೀಂ ಮುಗಿದು ಕೊನೆಗೆ ಬರೀ ಜೆಲ್ಲಿ ಉಳಿಯುತ್ತದೆ. ಉದ್ದ ಚಮಚೆ ತಳಕ್ಕೆ ಇಳಿಸಿ ಎತ್ತಬೇಕು. ಬೆಂಗಳೂರಿನ ಕಾರ್ನರ್ ಹೌಸ್‌ನ ಡೆತ್ ಬೈ ಚಾಕೊಲೇಟ್ ಕೂಡ ಹೀಗೇ ಹೆಸರು ಹಿಡಿದು ಹೇಳುವ ತಿನಿಸು. 1982ರಿಂದ ಇರುವ ಆ ಅಂಗಡಿಗೆ ಊಟ ಮುಗಿಸಿ ಹೋಗಿ ಒಬ್ಬರೇ ಅದನ್ನು ತರಿಸಿಕೊಳ್ಳುವುದು ಬೇಡ. ಅರ್ಧಕ್ಕೆ ನಾಲಿಗೆ ಸೋಲುತ್ತದೆ. ಇಬ್ಬರಿಗೆ ಒಂದು, ಮೂವರಾದರೂ ಅಡ್ಡಿಯಿಲ್ಲ. ನಮ್ಮ ಬೈ-ಟು ಕಾಫಿಯ ಸಂಸ್ಕೃತಿ ಐಸ್‌ಕ್ರೀಮಿಗೆ ಯಾಕೆ ಹಬ್ಬಲಿಲ್ಲವೋ ಕಾಣೆ.

ಎಂಟಿಆರ್‌ನ ಚಂದ್ರಹಾರ ಸಿಗುವುದು ಭಾನುವಾರ ಮಾತ್ರ. ಪದರದ ಮೈದಾ ತಿನಿಸಿನ ಮೇಲೆ ಹಾಲಿನ ಸಿಹಿ ರಸ. ಬುಧವಾರ ಹೋಗುವವರಿಗೆ ಅದರ ವರ್ಣನೆ ಮಾಡುವುದು ಕ್ರೌರ್ಯ.

ಇಷ್ಟು ಬರೆದ ಮೇಲೆ ನೋಡಿದರೆ ಇಲ್ಲಿನ ಪಟ್ಟಿಯೂ ದೋಸೆ, ಇಡ್ಲಿ, ಸಿಹಿಯಲ್ಲೇ ಸುತ್ತಿದೆ. ಇದು ಕನ್ನಡದ ತಿಂಡಿ ಬರಹದ ದೊಡ್ಡ ಕೊರತೆ. ಬೆಂಗಳೂರೆಂದರೆ ಬೆಳಗಿನ ಫಿಲ್ಟರ್ ಕಾಫಿ ಎಂದು ಬರೆಯುವ ನಾವು ಅದೇ ಊರಿನ ಮಿಲಿಟರಿ ಹೋಟೆಲುಗಳ ಮುದ್ದೆ, ಕಾಲ್ ಸೂಪು, ಕೈಮಾ ಉಂಡೆಗಳನ್ನು ಗೆಳೆಯರ ನಡುವೆ ಪಿಸುಮಾತಿನಲ್ಲಿ ಹೇಳುತ್ತೇವೆ, ಅಚ್ಚಿಗೆ ಬಂದಾಗ ಬಿಟ್ಟುಬಿಡುತ್ತೇವೆ. ಉತ್ತರ ಕರ್ನಾಟಕದ ಖಾನಾವಳಿಗಳಿಗೂ ಇದೇ ಗತಿ: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಇರುವ ಊಟ ‘ಚೆನ್ನಾಗಿರುತ್ತೆ’ ಎಂಬ ಒಂದು ಸಾಲಿಗೆ ಇಳಿಯುತ್ತದೆ. ಯಾರ ನಾಲಿಗೆ ಬರೆಯುತ್ತಿದೆ ಎಂಬುದು ಪಟ್ಟಿಯಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಒಂದು ಶಿಫಾರಸನ್ನು ಸರಿಯಾಗಿ ಮಾಡಿಬಿಡುತ್ತೇನೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್, ಮಟನ್ ದೊನ್ನೆ ಬಿರಿಯಾನಿ. ಹೈದರಾಬಾದಿನ ಉದ್ದ ಅಕ್ಕಿ, ಕೇಸರಿ, ಪದರಗಳ ನಿರೀಕ್ಷೆ ಬೇಡ. ಇದು ಸಣ್ಣ ಅಕ್ಕಿಯ, ಪುದೀನ ಕೊತ್ತಂಬರಿಯ ಹಸಿರು ಘಮದ, ಒದ್ದೆ ಮೈಯ ಬಿರಿಯಾನಿ. ಎಲೆಯ ದೊನ್ನೆಯ ವಾಸನೆ ಬಿಸಿಗೆ ಸೇರಿಕೊಂಡಿರುತ್ತದೆ. ಶಾಂತವಾಗಿ ಕೂತು ಮಾತಾಡಬೇಕಾದವರಿಗೆ, ಮೇಜು ಹಂಚಿಕೊಳ್ಳಲು ಮುಜುಗರ ಪಡುವವರಿಗೆ ಬೇಡ. ಮೂರು ಗಂಟೆಯ ಮೇಲೆ ಹೋಗುವುದೂ ಬೇಡ, ಮುಗಿದಿರುವ ಸಂಭವವೇ ಹೆಚ್ಚು. ಹನ್ನೆರಡೂವರೆಗೆ ಹೋಗಿ, ಮಾಣಿಯನ್ನು ಕೇಳಿ, ಅವನು ಬೇಡ ಅಂದದ್ದನ್ನು ಬಿಟ್ಟು ಮಿಕ್ಕಿದ್ದು ತರಿಸಿ.